ನಗರದ ರೈಲುಮಾರ್ಗ

ಕಬ್ಬು ನುರಿಸುವ ಹಂಗಾಮಿನಲ್ಲಿ ಜಮಖಂಡಿ, ಮುಧೋಳಗಳ ರಸ್ತೆಗಳಲ್ಲಿ ಕಬ್ಬಿನ ಗಾಡಿಗಳು ಸಾಲುಗಟ್ಟಿದರೆ ಹಿಂದೆ ಬಂದ ಬಸ್ಸೂ ನಿಲ್ಲಬೇಕಾಗುತ್ತದೆ. ನಮಗೆ ಕೆಲವು ತಿಂಗಳುಗಳ ಈ ತೊಡಕು ಬೆಂಗಳೂರಿನವರಿಗೆ ನಿತ್ಯದ ಸಂಕಟ. ಅಲ್ಲಿ ರಸ್ತೆಗಳನ್ನು ಅಗಲಗೊಳಿಸಿದರೂ ವಾಹನಗಳ ದಟ್ಟಣೆ ತಗ್ಗಲಿಲ್ಲ.

ಆದುದರಿಂದ ರಸ್ತೆಯ ಮೇಲ್ಗಡೆ ಕಂಬಗಳ ಮೇಲೂ ನೆಲದಡಿಯ ಸುರಂಗದಲ್ಲಿಯೂ ರೈಲನ್ನು ಓಡಿಸುವ ಯೋಜನೆ ರೂಪುಗೊಂಡಿತು. ನೆಲದಡಿಯ ರೈಲು ಲಂಡನ್ನಿನಲ್ಲಿ 1863ರಲ್ಲಿಯೇ ಆರಂಭವಾಗಿತ್ತು. ಭಾರತದಲ್ಲಿ ಮೊದಲು ಕೋಲ್ಕತ್ತಕ್ಕೆ 1984ರಲ್ಲಿ ಬಂದಿತು. ಬೆಂಗಳೂರಿನಲ್ಲಿ 2006ರಲ್ಲಿ ಶಂಕುಸ್ಥಾಪನೆಯಾಗಿ, 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿ ಮತ್ತು ಮಹಾತ್ಮ ಗಾಂಧಿ ರಸ್ತೆಗಳ ನಡುವೆ ‘ನಮ್ಮ ಮೆಟ್ರೊ’ ಸಂಚಾರ ತೊಡಗಿತು. ಸುಮಾರು 42 ಕಿಲೋಮೀಟರುಗಳ ಮೊದಲನೆಯ ಹಂತ ಪೂರ್ಣಗೊಂಡುದು 2017ರಲ್ಲಿ.

ಜನರು ಎಲ್ಲಿಂದ ಎಲ್ಲಿಗೆ, ಯಾವ ವೇಳೆಯಲ್ಲಿ ಹೋಗುತ್ತಾರೆ ಎಂಬುದನ್ನು ಯೋಜಕರು ಮೊದಲು ಅರಿಯಬೇಕು. ಪೂರ್ವ–ಪಶ್ಚಿಮ ಮತ್ತು ಉತ್ತರ–ದಕ್ಷಿಣ ಮಾರ್ಗಗಳು ಮೆಜೆಸ್ಟಿಕ್ಕಿನಲ್ಲಿ ಕೂಡುತ್ತವೆ. ಮುಖ್ಯ ಬಸ್ ನಿಲ್ದಾಣವೂ ರೈಲು ನಿಲ್ದಾಣವೂ ಅಲ್ಲಿಯೇ ಇರುವುದರಿಂದ, ಪರವೂರಿನಿಂದ ಬಂದಿಳಿದವನು ನಾಲ್ಕು ದಿಕ್ಕಿಗೂ ಹೋಗಬಲ್ಲನು.

ಬಸ್ಸಿನ ಹಾದಿಯನ್ನು ನಾಳೆಯೇ ಬದಲಿಸಬಹುದು; ನೆಟ್ಟ ಕಂಬವನ್ನು ಕದಲಿಸಲಾಗದು. ಮಾರ್ಗಕ್ಕಾಗಿ ಎಷ್ಟೋ ಕುಟುಂಬಗಳು ಮನೆ, ಅಂಗಡಿಗಳನ್ನು ಬಿಟ್ಟುಕೊಡಬೇಕಾಗುತ್ತದೆ, ಮರಗಳು ಉರುಳುತ್ತವೆ. ಜನರಿಗೆ ಒದಗದ ಕಡೆ ಹಳಿ ಹಾಸಿದರೆ ಆ ತ್ಯಾಗವೆಲ್ಲ ವ್ಯರ್ಥ. ನಿಲ್ದಾಣದಿಂದ ಮನೆಗೆ ಕಾಲುದಾರಿ, ಬಸ್ಸು ಇಲ್ಲದಿದ್ದರೆ ಜನರು ಮತ್ತೆ ಸ್ವಂತ ವಾಹನವನ್ನೇ ಏರುವರು.

ಇಂದು ಬೆಳೆಯುತ್ತಿರುವ ಜಮಖಂಡಿ, ಬನಹಟ್ಟಿಗಳಿಗೂ ಇದರಲ್ಲಿ ಪಾಠವಿದೆ. ಊರು ಇಕ್ಕಟ್ಟಾದ ಮೇಲೆ ದಾರಿಗಾಗಿ ಮನೆ ಕೆಡಹುವುದಕ್ಕಿಂತ, ದಾರಿಗೆ ಸ್ಥಳ ಬಿಟ್ಟು ಮನೆ ಕಟ್ಟುವುದೇ ಲೇಸು.