ಮೊದಲ ವರ್ಷದಲ್ಲೇ ಇಡಬೇಕಾದ ಹೆಜ್ಜೆ

ನಿಮ್ಮ ಮಗಳು ಪಿಯುಸಿಯಲ್ಲಿ ಒಳ್ಳೆಯ ಅಂಕ ಗಳಿಸಿ ಈಗಷ್ಟೇ ಪದವಿ ಕಾಲೇಜಿಗೆ ಸೇರಿದ್ದಾಳೆಯೇ? ಶುಲ್ಕ ಕಟ್ಟಿಯಾಯಿತು, ಪುಸ್ತಕ ಬಂತು, ಬಸ್ ಪಾಸ್ ಕೂಡಾ ಕೈಸೇರಿತು. "ಇನ್ನು ಮೂರು ವರ್ಷ ಚಿಂತೆಯಿಲ್ಲ, ಮುಂದಿನದ್ದು ಆಮೇಲೆ ನೋಡೋಣ" ಎಂದು ನೀವು ನಿರಾಳವಾಗಿರಬಹುದು. ಆದರೆ ಮುಂದಿನದ್ದನ್ನು ನೋಡಬೇಕಾದ ಸಮಯ ಇದೇ.

ಜಗತ್ತಿನ ಹೆಸರಾಂತ ವಿಶ್ವವಿದ್ಯಾನಿಲಯಗಳಲ್ಲಿ ಮನೆಯವರ ಮೇಲೆ ಭಾರ ಹಾಕದೆ ಕಲಿಯಲು ಅವಕಾಶ ನೀಡುವ ವಿದ್ಯಾರ್ಥಿವೇತನಗಳಿವೆ. ನಮ್ಮ ಹೆಣ್ಣು ಮಕ್ಕಳಲ್ಲಿ ಹೆಚ್ಚಿನವರಿಗೆ ಅವುಗಳ ಹೆಸರು ಗೊತ್ತಾಗುವುದು ಪದವಿ ಮುಗಿದ ಮೇಲೆ. ಆಗ ಅರ್ಜಿಯನ್ನು ತೆರೆದು ನೋಡಿದರೆ ಅದರಲ್ಲಿ ಕೇಳಿರುವ ಅರ್ಧದಷ್ಟು ವಿಷಯ ಅವರ ಬಳಿ ಇರುವುದಿಲ್ಲ. ಬುದ್ಧಿ ಇರುತ್ತದೆ, ಅಂಕ ಇರುತ್ತದೆ, ಸಮಯ ಕಳೆದು ಹೋಗಿರುತ್ತದೆ.

ಯಾವುವು ಈ ವಿದ್ಯಾರ್ಥಿವೇತನಗಳು?

ಇವುಗಳಲ್ಲಿ ಹಳೆಯದೂ ಪ್ರಸಿದ್ಧವೂ ಆದದ್ದು ರೋಡ್ಸ್ ವಿದ್ಯಾರ್ಥಿವೇತನ. ಇಂಗ್ಲೆಂಡಿನ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಸ್ನಾತಕೋತ್ತರ ವ್ಯಾಸಂಗ ಮಾಡಲು ಇದು ನೆರವು ನೀಡುತ್ತದೆ. ಬೋಧನಾ ಶುಲ್ಕ, ಜೀವನವೆಚ್ಚ, ವೀಸಾ ಖರ್ಚು, ವಿಮಾನದ ಟಿಕೆಟು ಎಲ್ಲವೂ ಅದರಲ್ಲಿ ಸೇರಿದೆ. ಸೆಸಿಲ್ ರೋಡ್ಸ್ 1902ರಲ್ಲಿ ತೀರಿಕೊಂಡಾಗ ಬಿಟ್ಟು ಹೋದ ಉಯಿಲಿನಿಂದ ಇದು ಹುಟ್ಟಿತು. ಆ ಉಯಿಲಿನ ಪ್ರಕಾರ ಇದು ಗಂಡಸರಿಗೆ ಮಾತ್ರ ಮೀಸಲಾಗಿತ್ತು. ಕಾನೂನು ಬದಲಾದ ಬಳಿಕ 1977ರಲ್ಲಷ್ಟೇ ಮೊದಲ ಮಹಿಳೆಯರು ರೋಡ್ಸ್ ವಿದ್ಯಾರ್ಥಿನಿಯರಾಗಿ ಆಕ್ಸ್‌ಫರ್ಡ್ ಪ್ರವೇಶಿಸಿದರು. ಇಂದು ಹೆಣ್ಣು ಮಕ್ಕಳಿಗೆ ಅಲ್ಲಿ ಸಮಾನ ಅವಕಾಶವಿದೆ.

ಆಕ್ಸ್‌ಫರ್ಡ್ ಎಂದಾಕ್ಷಣ ಅದು ದಿಲ್ಲಿ, ಮುಂಬೈಯ ಶ್ರೀಮಂತರಿಗೆ ಎಂದುಕೊಳ್ಳಬೇಡಿ. ನಾಟಕಕಾರ ಗಿರೀಶ್ ಕಾರ್ನಾಡ್ ಧಾರವಾಡದಲ್ಲಿ ಗಣಿತ ಮತ್ತು ಸಂಖ್ಯಾಶಾಸ್ತ್ರ ಓದಿ ರೋಡ್ಸ್ ವಿದ್ಯಾರ್ಥಿಯಾಗಿ 1960ರಲ್ಲಿ ಆಕ್ಸ್‌ಫರ್ಡಿಗೆ ಹೋದವರು. ಸುಪ್ರೀಮ್ ಕೋರ್ಟಿನ ಹಿರಿಯ ನ್ಯಾಯವಾದಿ ಮೇನಕಾ ಗುರುಸ್ವಾಮಿ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ಕಲಿತು ರೋಡ್ಸ್ ವಿದ್ಯಾರ್ಥಿನಿಯಾದವರು. ನಮ್ಮ ನಾಡಿನಿಂದ ಅಲ್ಲಿಗೆ ದಾರಿ ಇದೆ.

ಇನ್ನೂ ಕೆಲವು ಇವೆ. 2000ದಲ್ಲಿ ಸ್ಥಾಪನೆಯಾದ ಗೇಟ್ಸ್ ಕೇಂಬ್ರಿಡ್ಜ್ ವಿದ್ಯಾರ್ಥಿವೇತನ ಕೇಂಬ್ರಿಡ್ಜ್ ವಿಶ್ವವಿದ್ಯಾನಿಲಯಕ್ಕೆ ಸಂಬಂಧಿಸಿದ್ದು. ಚೆವನಿಂಗ್ ಬ್ರಿಟಿಷ್ ಸರಕಾರದ್ದು, ಒಂದು ವರ್ಷದ ಸ್ನಾತಕೋತ್ತರ ಪದವಿಗೆ ಕೊಡುವಂಥದ್ದು. ಅಮೆರಿಕಾದಲ್ಲಿ ಕಲಿಯಲು ಫುಲ್‌ಬ್ರೈಟ್-ನೆಹರೂ ಇದೆ. ಕೊನೆಯ ಎರಡಕ್ಕೆ ಕೆಲಸದ ಅನುಭವ ಬೇಕು. ಚೆವನಿಂಗ್‌ಗೆ ವಯಸ್ಸಿನ ಮಿತಿಯಿಲ್ಲ, ಆದ್ದರಿಂದ ಶಾಲೆಯಲ್ಲಿ ಕಲಿಸುತ್ತಿರುವ ಅಥವಾ ಸಂಸ್ಥೆಯೊಂದರಲ್ಲಿ ದುಡಿಯುತ್ತಿರುವ ಸಹೋದರಿಯರೂ ಅದರ ಬಗ್ಗೆ ವಿಚಾರಿಸಬಹುದು.

ಒಂದು ಮಾತು ನೆನಪಿರಲಿ. ಅಲ್ಪಸಂಖ್ಯಾತ ಸಂಶೋಧನಾ ವಿದ್ಯಾರ್ಥಿಗಳಿಗೆ ಕೇಂದ್ರ ಸರಕಾರ ನೀಡುತ್ತಿದ್ದ ಮೌಲಾನಾ ಆಝಾದ್ ರಾಷ್ಟ್ರೀಯ ಫೆಲೋಶಿಪ್ 2022ರಲ್ಲಿ ನಿಂತಿತು. ನಮಗೆಂದೇ ಇದ್ದ ಬಾಗಿಲೊಂದು ಮುಚ್ಚಿದಾಗ ಎಲ್ಲರಿಗೂ ತೆರೆದಿರುವ ಬಾಗಿಲುಗಳನ್ನು ತಟ್ಟಲು ಕಲಿಯುವುದು ಇನ್ನಷ್ಟು ಅಗತ್ಯ.

ಇರುವುದು ಮೂರು ವರ್ಷವಲ್ಲ

ಕರ್ನಾಟಕದಲ್ಲಿ 2024-25ರಿಂದ ಸಾಮಾನ್ಯ ಪದವಿ ಮತ್ತೆ ಮೂರು ವರ್ಷದ್ದಾಗಿದೆ. ಭಾರತದವರಿಗೆ ರೋಡ್ಸ್ ಅರ್ಜಿ ಸಾಮಾನ್ಯವಾಗಿ ಮಳೆಗಾಲದ ತಿಂಗಳುಗಳಲ್ಲಿ ಕರೆಯುತ್ತಾರೆ. ಅಂತಿಮ ವರ್ಷದಲ್ಲಿರುವವರೂ ಅರ್ಜಿ ಹಾಕಬಹುದು. ಈಗ ಲೆಕ್ಕ ಹಾಕಿ ನೋಡಿ. ಅಂತಿಮ ವರ್ಷದ ತರಗತಿಗಳು ಸರಿಯಾಗಿ ಆರಂಭವಾಗುವ ಮೊದಲೇ ಅರ್ಜಿಯ ಗಡುವು ಬಂದಿರುತ್ತದೆ. ಮೂರು ವರ್ಷ ಇದೆ ಎಂದುಕೊಂಡವಳ ಕೈಯಲ್ಲಿ ಇದ್ದದ್ದು ಎರಡೇ ವರ್ಷ!

ಅಷ್ಟೇ ಅಲ್ಲ, ರೋಡ್ಸ್‌ಗೆ ಸಾಮಾನ್ಯವಾಗಿ 24 ವರ್ಷದೊಳಗಿನವರು ಮಾತ್ರ ಅರ್ಹರು. ಪದವಿ ತಡವಾಗಿ ಮುಗಿಸಿದವರಿಗೆ ಕೆಲವು ಸಂದರ್ಭಗಳಲ್ಲಿ ಮಾತ್ರ ಸಡಿಲಿಕೆ ಇದೆ. ಫುಲ್‌ಬ್ರೈಟ್-ನೆಹರೂ ಸ್ನಾತಕೋತ್ತರ ಫೆಲೋಶಿಪ್‌ಗೆ ಅಮೆರಿಕಾದ ನಾಲ್ಕು ವರ್ಷದ ಪದವಿಗೆ ಸಮನಾದ ಶಿಕ್ಷಣ ಬೇಕು. ಅಂದರೆ ಮೂರು ವರ್ಷದ ಬಿ.ಎ., ಬಿ.ಕಾಂ. ಮಾತ್ರ ಮಾಡಿದವಳು ಇಲ್ಲಿಯೇ ಇನ್ನೂ ಮುಂದೆ ಓದಿರಬೇಕು. ಇಂಥ ನಿಯಮಗಳು ಮೊದಲೇ ಗೊತ್ತಿದ್ದರೆ ದಾರಿಯನ್ನು ಆಯ್ದುಕೊಳ್ಳಬಹುದು. ಕೊನೆಗೆ ಗೊತ್ತಾದರೆ ಪಶ್ಚಾತ್ತಾಪ ಪಡಬೇಕಾಗುತ್ತದೆ.

ಅಂಕ ಬೇಕು, ಆದರೆ ಅಂಕ ಸಾಲದು

ಪಿಯುಸಿವರೆಗೆ ನಮ್ಮ ಮಕ್ಕಳಿಗೆ ಗೊತ್ತಿರುವುದು ಒಂದೇ ಸ್ಪರ್ಧೆ, ಅಂಕದ ಸ್ಪರ್ಧೆ. ಇಲ್ಲಿ ಅದು ಪ್ರವೇಶದ್ವಾರ ಮಾತ್ರ. ಮೊದಲ ಸೆಮಿಸ್ಟರಿನಿಂದಲೇ ಪ್ರಥಮ ದರ್ಜೆಯ ಅಂಕಗಳು ಇರಲೇಬೇಕು. ಮೊದಲ ವರ್ಷ ಉದಾಸೀನ ಮಾಡಿ ಕಳಕೊಂಡ ಅಂಕವನ್ನು ಮತ್ತೆ ತುಂಬಿಸಿಕೊಳ್ಳುವುದು ಕಷ್ಟ.

ಆದರೆ ಅದೇ ಅಂಕಗಳಿರುವ ನೂರಾರು ಮಂದಿ ಸಾಲಿನಲ್ಲಿರುತ್ತಾರೆ. ಅವರಲ್ಲಿ ಯಾರನ್ನು ಆರಿಸಬೇಕು? ರೋಡ್ಸ್ ಆಯ್ಕೆಗಾರರು ಕಲಿಕೆಯ ಜೊತೆಗೆ ಇನ್ನೂ ಮೂರು ವಿಷಯಗಳನ್ನು ನೋಡುತ್ತಾರೆ. ಕ್ರೀಡೆ, ಭಾಷಣ, ಕಲೆ ಹೀಗೆ ಯಾವುದಾದರೊಂದರಲ್ಲಿ ತನ್ನ ಪ್ರತಿಭೆಯನ್ನು ಪೂರ್ಣವಾಗಿ ಬಳಸುವ ಹುರುಪು ಇದೆಯೇ? ಸತ್ಯ, ಧೈರ್ಯ, ಕರ್ತವ್ಯನಿಷ್ಠೆ, ದುರ್ಬಲರ ಬಗ್ಗೆ ಕಾಳಜಿ, ನಿಸ್ವಾರ್ಥ ಮನಸ್ಸು ಇದೆಯೇ? ಇತರರನ್ನು ಜೊತೆಗೆ ಕರೆದೊಯ್ಯುವ ನಾಯಕತ್ವದ ಗುಣ ಇದೆಯೇ? ಗೇಟ್ಸ್ ಕೇಂಬ್ರಿಡ್ಜ್ ಕೂಡಾ ಇತರರ ಬದುಕನ್ನು ಉತ್ತಮಗೊಳಿಸುವ ಬದ್ಧತೆಯನ್ನು ಒಂದು ಮಾನದಂಡವಾಗಿ ಇಟ್ಟುಕೊಂಡಿದೆ. ಇವು ಯಾವ ಟ್ಯೂಷನ್ ತರಗತಿಯಲ್ಲೂ ಸಿಗುವುದಿಲ್ಲ, ಒಂದು ತಿಂಗಳಲ್ಲಿ ಬೆಳೆಯುವುದೂ ಇಲ್ಲ.

ಒಂದು ಕೆಲಸ ಹಿಡಿದು ಮಾಡಲಿ

ಇದನ್ನು ಕೇಳಿದ ಕೂಡಲೇ ಕೆಲವರು ಪ್ರಮಾಣಪತ್ರಗಳನ್ನು ಗುಡ್ಡೆ ಹಾಕಲು ಹೊರಡುತ್ತಾರೆ. ಒಂದು ದಿನದ ಶಿಬಿರ, ಎರಡು ದಿನದ ಕಾರ್ಯಾಗಾರ, ಮೂರು ಸಂಘಗಳ ಸದಸ್ಯತ್ವ! ಆಯ್ಕೆಗಾರರು ಅದಕ್ಕೆ ಮರುಳಾಗುವವರಲ್ಲ. "ನೀನು ಅಲ್ಲಿ ಏನು ಮಾಡಿದೆ, ಅದರಿಂದ ಏನು ಬದಲಾಯಿತು?" ಎಂಬ ಒಂದೇ ಪ್ರಶ್ನೆಗೆ ಆ ಗುಡ್ಡೆ ಕುಸಿಯುತ್ತದೆ.

ಅದಕ್ಕಿಂತ ಮಗಳು ತನ್ನ ಕಣ್ಣ ಮುಂದಿರುವ ಒಂದು ಕೆಲಸವನ್ನು ಎರಡು ವರ್ಷ ಬಿಡದೆ ಮಾಡಲಿ. ಕರಾವಳಿಯ ಎಷ್ಟೋ ಮನೆಗಳಲ್ಲಿ ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ತಾಯಂದಿರಿದ್ದಾರೆ. ಅರ್ಥಶಾಸ್ತ್ರ ಓದುವ ಹುಡುಗಿ ನೆರೆಯ ಹತ್ತು ಮನೆಗಳಲ್ಲಿ ಅವರ ಕೂಲಿ, ಆರೋಗ್ಯ, ಸಾಲದ ಬಗ್ಗೆ ಕೇಳಿ ಬರೆದಿಟ್ಟುಕೊಂಡರೆ ಅದು ಪುಟ್ಟ ಸಂಶೋಧನೆಯೇ. ವಿಜ್ಞಾನದ ವಿದ್ಯಾರ್ಥಿನಿ ತನ್ನ ಊರಿನ ಬಾವಿಗಳ ನೀರನ್ನು ಕಾಲೇಜಿನ ಪ್ರಯೋಗಾಲಯದಲ್ಲಿ ಪರೀಕ್ಷಿಸಬಹುದು. ಇನ್ನೊಬ್ಬಳು ವಾರಕ್ಕೆರಡು ಸಂಜೆ ಓಣಿಯ ಮಕ್ಕಳಿಗೆ ಗಣಿತ ಹೇಳಿಕೊಡಬಹುದು. ಎಷ್ಟು ಮಕ್ಕಳು ಬಂದರು, ಯಾರು ಬಿಟ್ಟು ಹೋದರು, ಯಾಕೆ ಬಿಟ್ಟರು ಎಂದು ಒಂದು ಪುಸ್ತಕದಲ್ಲಿ ದಿನಾಂಕ ಸಹಿತ ಬರೆದಿಡಲಿ. ಮುಂದೆ ಅರ್ಜಿ ಬರೆಯುವಾಗ ಆ ಪುಸ್ತಕಕ್ಕೆ ಬೆಲೆ ಕಟ್ಟಲಾಗದು. ಏಕೆಂದರೆ ಆಕ್ಸ್‌ಫರ್ಡಿನಲ್ಲಿ ಏನು ಓದಬೇಕು, ಯಾಕೆ ಓದಬೇಕು ಎಂಬುದಕ್ಕೆ ಉತ್ತರ ಇಂಥ ಕೆಲಸದೊಳಗಿನಿಂದಲೇ ಹುಟ್ಟುತ್ತದೆ.

ಅಧ್ಯಾಪಕರು ಮಗಳನ್ನು ಬಲ್ಲರೇ?

ಈ ವಿದ್ಯಾರ್ಥಿವೇತನಗಳಿಗೆ ಶಿಫಾರಸು ಪತ್ರಗಳು ಬೇಕು. ಕಲಿಸಿದ ಅಧ್ಯಾಪಕರು ಬರೆಯಬೇಕು, ರೋಡ್ಸ್‌ನಲ್ಲಿ ಗುಣಸ್ವಭಾವವನ್ನು ಬಲ್ಲವರೂ ಬರೆಯಬೇಕು. ಸಂಬಂಧಿಕರು ಬರೆಯುವಂತಿಲ್ಲ. "ಈಕೆ ಒಳ್ಳೆಯ ಹುಡುಗಿ, ಶಿಸ್ತಿನವಳು" ಎಂಬ ನಾಲ್ಕು ಸಾಲಿನ ಪತ್ರದಿಂದ ಪ್ರಯೋಜನವಿಲ್ಲ. ಅವಳು ತರಗತಿಯಲ್ಲಿ ಕೇಳಿದ ಪ್ರಶ್ನೆ, ಬರೆದ ಪ್ರಬಂಧ, ತಪ್ಪನ್ನು ತಿದ್ದಿಕೊಂಡ ರೀತಿ ಅಧ್ಯಾಪಕರಿಗೆ ನೆನಪಿರಬೇಕು.

ನಮ್ಮ ಹುಡುಗಿಯರು ಹೆಚ್ಚಾಗಿ ಹಿಂದಿನ ಬೆಂಚಿನಲ್ಲಿ ಮೌನವಾಗಿ ಕುಳಿತು ಚೆನ್ನಾಗಿ ಪರೀಕ್ಷೆ ಬರೆದು ಬರುತ್ತಾರೆ. ಅಧ್ಯಾಪಕರಿಗೆ ಅವರ ಹೆಸರೂ ಸರಿಯಾಗಿ ತಿಳಿದಿರುವುದಿಲ್ಲ. ಪ್ರಶ್ನೆ ಕೇಳುವುದು ಅವಿನಯವಲ್ಲ ಎಂದು ಮಗಳಿಗೆ ನೀವೇ ಹೇಳಿ. ಮೊದಲ ವರ್ಷದಲ್ಲೇ ಇಬ್ಬರು ಮೂವರು ಅಧ್ಯಾಪಕರಿಗೆ ತನ್ನ ಬರಹ ತೋರಿಸಿ ತಿದ್ದಿಸಿಕೊಳ್ಳುವ ಅಭ್ಯಾಸ ಆರಂಭವಾಗಲಿ.

ಬರೆಯಲು, ಮಾತಾಡಲು ಭಯವೇ?

ಕನ್ನಡ ಮಾಧ್ಯಮದಲ್ಲಿ ಓದಿದ ಮಗಳಿಗೆ ಇಂಗ್ಲಿಷ್ ಎಂದರೆ ಹಿಂಜರಿಕೆ ಇರಬಹುದು. ಎರಡು ವರ್ಷ ದಿನಕ್ಕೆ ಅರ್ಧ ಗಂಟೆ ಇಂಗ್ಲಿಷ್ ಪತ್ರಿಕೆ ಓದಿ, ಓದಿದ್ದನ್ನು ಹತ್ತು ಸಾಲಿನಲ್ಲಿ ತನ್ನದೇ ಮಾತಿನಲ್ಲಿ ಬರೆದರೆ ಆ ಹಿಂಜರಿಕೆ ಕರಗುತ್ತದೆ. ಅರ್ಜಿಯ ಜೊತೆಗಿನ ಸ್ವಂತ ಹೇಳಿಕೆಯನ್ನು ಅವಳೇ ಬರೆಯಬೇಕು. ಇನ್ನೊಬ್ಬರಿಂದಲೋ ಕಂಪ್ಯೂಟರಿನಿಂದಲೋ ಬರೆಸಿದ ಸೊಗಸಾದ ಮಾತುಗಳು ಸಂದರ್ಶನದ ಕೋಣೆಯಲ್ಲಿ ಅವಳ ಜೊತೆಗೆ ಬರುವುದಿಲ್ಲ.

ಸಂದರ್ಶನದಲ್ಲಿ ಗೊತ್ತಿದೆಯೇ ಎನ್ನುವುದಕ್ಕಿಂತ ಯೋಚಿಸುತ್ತಾಳೆಯೇ ಎಂಬುದು ಮುಖ್ಯ. ಉದಾಹರಣೆಗೆ, ಸೆಸಿಲ್ ರೋಡ್ಸ್ ದಕ್ಷಿಣ ಆಫ್ರಿಕಾದ ವಜ್ರದ ಗಣಿಗಳಿಂದ ಸಂಪತ್ತು ಮಾಡಿದ, ವಸಾಹತುಶಾಹಿಯನ್ನು ಹರಡಿದ ವ್ಯಕ್ತಿ. ವಿದ್ಯಾರ್ಥಿಗಳ ಚಳವಳಿಯ ನಂತರ 2015ರಲ್ಲಿ ಕೇಪ್‌ಟೌನ್ ವಿಶ್ವವಿದ್ಯಾನಿಲಯದಿಂದ ಅವರ ಪ್ರತಿಮೆಯನ್ನು ತೆಗೆಯಲಾಯಿತು. ಅಂಥವರ ಹೆಸರಿನ ನೆರವನ್ನು ಪಡೆಯುವ ಬಗ್ಗೆ ನಿನ್ನ ಅಭಿಪ್ರಾಯವೇನು? ಇಂಥ ಪ್ರಶ್ನೆಗೆ ಕಂಠಪಾಠದ ಉತ್ತರವಿಲ್ಲ. ಊಟದ ಹೊತ್ತಿಗೆ ಮನೆಯಲ್ಲಿ ಸುದ್ದಿಗಳ ಬಗ್ಗೆ ಮಾತುಕತೆ ನಡೆಯಲಿ, ಮಗಳ ಮಾತಿಗೂ ಕಿವಿಗೊಡಿ. ಮನೆಯಲ್ಲಿ ಅಭಿಪ್ರಾಯ ಹೇಳಿ ಅಭ್ಯಾಸವಿಲ್ಲದವಳು ಅಪರಿಚಿತರ ಮುಂದೆ ಹೇಗೆ ಹೇಳಿಯಾಳು?

ಮನೆಯವರ ಪಾಲು

ಮುಖ್ಯವಾದ ಮಾತು ಇಲ್ಲಿದೆ. ಮಗಳಿಗೆ ನೀವು ಕೊಡಬಹುದಾದ ದೊಡ್ಡ ನೆರವು ಸಮಯ. ಅತಿಥಿಗಳು ಬಂದಾಗಲೆಲ್ಲ ಪುಸ್ತಕ ಮುಚ್ಚಿ ಅಡುಗೆ ಮನೆಗೆ ಬರಬೇಕಾದವಳು ಅವಳೊಬ್ಬಳೇ ಏಕೆ? ಮನೆಗೆಲಸ ಅವಳೂ ಕಲಿಯಲಿ, ಅವಳ ಸಹೋದರನೂ ಕಲಿಯಲಿ. ದಿನಕ್ಕೆ ಎರಡು ಗಂಟೆ ಅವಳದ್ದೇ ಎಂದು ಮನೆಯಲ್ಲಿ ಎಲ್ಲರೂ ಒಪ್ಪಲಿ.

ಎರಡನೆಯದು ಮದುವೆಯ ಮಾತು. ಅರ್ಜಿ, ಸಂದರ್ಶನ, ಪ್ರವೇಶ ಎಂದು ಅಂತಿಮ ವರ್ಷ ಓಡುತ್ತಿರುವಾಗಲೇ ಸಂಬಂಧಗಳೂ ಬರತೊಡಗುತ್ತವೆ. ಆಗ ಗಡಿಬಿಡಿಯಲ್ಲಿ ತೀರ್ಮಾನಿಸುವ ಬದಲು ಮೊದಲ ವರ್ಷದಲ್ಲೇ ಪತಿ, ಮಗಳು, ಹಿರಿಯರು ಕುಳಿತು ಮಾತಾಡಿ. ಅವಳಿಗೇನು ಬೇಕು ಎಂದು ಕೇಳಿ. ಒಬ್ಬಳೇ ಅಷ್ಟು ದೂರ ಹೇಗೆ ಎಂಬ ನಿಮ್ಮ ಆತಂಕ ಸಹಜ. ವಸತಿ, ಆಹಾರ, ಸುರಕ್ಷತೆಯ ಬಗ್ಗೆ ವಿಚಾರಿಸಲು ಎರಡು ವರ್ಷ ಇರುವಾಗ ಆ ಆತಂಕಕ್ಕೂ ಉತ್ತರ ಹುಡುಕಬಹುದು.

ಮೂರನೆಯದು ದಾಖಲೆ. ಅಂಕಪಟ್ಟಿ, ಜನನ ಪ್ರಮಾಣಪತ್ರ, ಆಧಾರ್, ಪಾಸ್‌ಪೋರ್ಟ್ ಎಲ್ಲದರಲ್ಲೂ ಹೆಸರಿನ ಅಕ್ಷರ ಒಂದೇ ಆಗಿದೆಯೇ ನೋಡಿ. ಒಂದರಲ್ಲಿ ಫಾತಿಮಾ, ಇನ್ನೊಂದರಲ್ಲಿ ಫಾತಿಮತ್ ಎಂದಿದ್ದರೆ ಈಗಲೇ ಸರಿಪಡಿಸಿ. ಇನ್ನೊಂದು ಎಚ್ಚರಿಕೆ: ರೋಡ್ಸ್‌ಗಾಗಲೀ ಚೆವನಿಂಗ್‌ಗಾಗಲೀ ಅರ್ಜಿ ಶುಲ್ಕವಿಲ್ಲ. ಹಣ ಕೊಟ್ಟರೆ ಕೊಡಿಸುತ್ತೇವೆ ಎನ್ನುವವರನ್ನು ನಂಬಬೇಡಿ.

ಸಿಗದಿದ್ದರೆ?

ಸಿಗದಿರುವ ಸಾಧ್ಯತೆಯೇ ಹೆಚ್ಚು. ರೋಡ್ಸ್‌ಗೆ ಇಡೀ ಭಾರತದಿಂದ ಪ್ರತಿವರ್ಷ ಆಯ್ಕೆಯಾಗುವವರನ್ನು ಬೆರಳಲ್ಲಿ ಎಣಿಸಬಹುದು. ಇದನ್ನು ಮಗಳಿಗೆ ಮೊದಲೇ ಹೇಳಿಬಿಡಿ, ಸೋತಳೆಂದು ಯಾರೂ ಅವಳನ್ನು ಚುಚ್ಚದಿರಲಿ. ವಯಸ್ಸಿನ ಮಿತಿಯೊಳಗೆ ಎರಡನೇ ಸಲವೂ ಪ್ರಯತ್ನಿಸಬಹುದು, ಬೇರೆ ವಿದ್ಯಾರ್ಥಿವೇತನಗಳನ್ನೂ ನೋಡಬಹುದು.

ಆದರೆ ಎರಡು ವರ್ಷ ಹೀಗೆ ಸಿದ್ಧಳಾದವಳ ಬಳಿ ಏನೆಲ್ಲ ಉಳಿಯುತ್ತದೆ ಯೋಚಿಸಿ. ಉತ್ತಮ ಅಂಕಗಳು, ಅವಳನ್ನು ಬಲ್ಲ ಅಧ್ಯಾಪಕರು, ಸ್ಪಷ್ಟವಾಗಿ ಬರೆಯುವ ಕೈ, ಹೆದರದೆ ಮಾತಾಡುವ ನಾಲಗೆ, ಊರಿಗೆ ಉಪಯೋಗವಾದ ಒಂದು ಕೆಲಸ. ಇಷ್ಟಿದ್ದವಳಿಗೆ ನಮ್ಮ ದೇಶದ ಯಾವುದೇ ಒಳ್ಳೆಯ ವಿಶ್ವವಿದ್ಯಾನಿಲಯದ, ಉದ್ಯೋಗದ ಸಂದರ್ಶನ ಹೊಸದೆನಿಸದು. ಬೀದಿಯ ಮಕ್ಕಳಿಗೆ ಅವಳು ಕಲಿಸಿದ ಗಣಿತವನ್ನು ಯಾವ ಆಯ್ಕೆ ಸಮಿತಿಯೂ ಹಿಂದಕ್ಕೆ ಪಡೆಯಲಾರದು.

ಇಂದು ಸಂಜೆ ಮಗಳು ಕಾಲೇಜಿನಿಂದ ಬಂದಾಗ ಚಹಾ ಕೊಟ್ಟು ಹತ್ತಿರ ಕೂರಿಸಿಕೊಳ್ಳಿ. ಎಷ್ಟು ಅಂಕ ಬಂತು ಎಂದು ಕೇಳುವ ಮೊದಲು ನಿನಗೆ ಯಾವ ವಿಷಯ ಇಷ್ಟ, ಅದನ್ನು ಕಲಿತು ಏನು ಮಾಡಬೇಕೆಂದಿರುವೆ ಎಂದು ಕೇಳಿ. ಅವಳು ತಕ್ಷಣ ಉತ್ತರಿಸದಿರಬಹುದು. ಅವಸರವಿಲ್ಲ, ಉತ್ತರ ಹುಡುಕಲು ಅವಳಿಗೆ ಎರಡು ವರ್ಷಗಳಿವೆ. ಪ್ರಶ್ನೆ ಮಾತ್ರ ಇಂದೇ ಕೇಳಿ.