ಹಾಲು ಬಿಡಿಸಿದ ಕೂಸು: ಪ್ರಾರ್ಥನೆಯ ಶುಷ್ಕತೆಯೂ ಆಧ್ಯಾತ್ಮಿಕ ಪಕ್ವತೆಯೂ

ಆಧ್ಯಾತ್ಮಿಕ ಮಾರ್ಗದರ್ಶನಕ್ಕೆಂದು ಬರುವವರಿಂದ ನಾವು ಗುರುಗಳು ಮತ್ತೆ ಮತ್ತೆ ಕೇಳುವ ಮಾತೊಂದಿದೆ: "ಫಾದರ್, ಮೊದಲಿನ ಹಾಗೆ ಪ್ರಾರ್ಥನೆಯಲ್ಲಿ ಮನಸ್ಸು ನಿಲ್ಲುತ್ತಿಲ್ಲ." ಹೀಗೆ ಹೇಳುವವರು ಪ್ರಾರ್ಥನೆಯನ್ನು ತೊರೆದವರಲ್ಲ. ತೊರೆದವರು ಅದನ್ನು ಹೇಳಿಕೊಳ್ಳಲು ಬರುವುದೂ ಇಲ್ಲ. ಇವರು ಬಲಿಪೂಜೆಗೆ ತಪ್ಪದೆ ಬರುವವರು, ಮನೆಯಲ್ಲಿ ಜಪಸರ ಹಿಡಿಯುವವರು, ಹಲವು ವರ್ಷಗಳ ಹಿಂದೆ ಯಾವುದೋ ಧ್ಯಾನಕೂಟದಲ್ಲಿ ದೇವರ ಸಾಮೀಪ್ಯವನ್ನು ಕಣ್ಣೀರಿನೊಂದಿಗೆ ಅನುಭವಿಸಿದವರು. ಈಗ ಅದೇ ಕೀರ್ತನೆಗಳು, ಅದೇ ಶುಭಸಂದೇಶ ಅವರಿಗೆ ಒಣ ಮಾತುಗಳಂತೆ ಕೇಳಿಸುತ್ತವೆ. ಗುರುಮಠದಲ್ಲಿ ಮೂರು ನಾಲ್ಕು ವರ್ಷ ಕಳೆದ ಅಭ್ಯರ್ಥಿಗಳಲ್ಲಿಯೂ ಈ ಅಳಲು ಅಪರೂಪವಲ್ಲ. ಅವರ ವಿಷಯದಲ್ಲಿ ಅಪಾಯ ಇನ್ನೂ ಹೆಚ್ಚು. ರುಚಿ ಹೋದುದನ್ನೇ ದೈವಕರೆ ಹೋದುದೆಂದು ತಿಳಿದು ಮನೆಗೆ ಹೊರಟುಬಿಡುವವರಿದ್ದಾರೆ. ಇದು ಹಿಂಜಾರಿಕೆಯೋ, ಬೆಳವಣಿಗೆಯೋ? ಈ ಪ್ರಶ್ನೆಗೆ ಅವಸರದ ಉತ್ತರ ಕೊಟ್ಟು ತಪ್ಪಿದವರಲ್ಲಿ ನಾವೂ ಸೇರಿದ್ದೇವೆ. ಆ ಪ್ರಸಂಗವನ್ನು ಮುಂದೆ ಹೇಳುತ್ತೇವೆ.

ಪಕ್ವತೆಯನ್ನು ಅಳೆಯುವ ಕೋಲು ಭಾವಾವೇಶವಲ್ಲ, ವರದಾನಗಳೂ ಅಲ್ಲ ಎಂಬುದನ್ನು ಸಂತ ಪೌಲರು ಸಂಶಯಕ್ಕೆ ಎಡೆಯಿಲ್ಲದಂತೆ ತೋರಿಸಿದ್ದಾರೆ. ಕೊರಿಂಥದ ಸಭೆಗೆ ಯಾವ ವರದಾನದ ಕೊರತೆಯೂ ಇಲ್ಲವೆಂದು ಪತ್ರದ ಆರಂಭದಲ್ಲಿಯೇ ಅವರು ಒಪ್ಪಿಕೊಳ್ಳುತ್ತಾರೆ (1 ಕೊರಿಂಥಿಯರಿಗೆ 1:7). ಆದರೂ ಎರಡು ಅಧ್ಯಾಯಗಳ ಬಳಿಕ ಅದೇ ಜನರನ್ನು ಹಸುಗೂಸುಗಳೆಂದು ಕರೆದು, ಗಟ್ಟಿ ಆಹಾರವನ್ನು ತಾಳಲಾರದ ಅವರಿಗೆ ಹಾಲನ್ನೇ ಕೊಡಬೇಕಾಯಿತೆನ್ನುತ್ತಾರೆ (3:1-3). ಅದಕ್ಕೆ ಅವರು ಕೊಡುವ ಸಾಕ್ಷ್ಯವನ್ನು ಗಮನಿಸಬೇಕು. ಕೊರಿಂಥದವರ ಪ್ರಾರ್ಥನೆ ಬತ್ತಿತ್ತೆಂದು ಅವರು ಹೇಳುವುದಿಲ್ಲ. ಅಲ್ಲಿ ಅಸೂಯೆಯಿತ್ತು, ಕಲಹವಿತ್ತು. ಒಬ್ಬನು ಪೌಲನ ಪಕ್ಷ, ಮತ್ತೊಬ್ಬನು ಅಪೊಲ್ಲೋಸನ ಪಕ್ಷ. ಪರಭಾಷೆಗಳಲ್ಲಿ ಮಾತನಾಡುತ್ತಲೇ ಒಬ್ಬರನ್ನೊಬ್ಬರು ಕಚ್ಚುವ ಸಭೆ ಅದು. ಬಾಲ್ಯದ ನಡತೆಯನ್ನು ಬಿಟ್ಟುಬಿಟ್ಟೆನೆಂಬ ಪ್ರಸಿದ್ಧ ಮಾತು ಅದೇ ಪತ್ರದಲ್ಲಿ ಪ್ರೀತಿಯ ಅಧ್ಯಾಯದ ನಡುವೆಯೇ ಬರುವುದು (13:11) ಆಕಸ್ಮಿಕವಲ್ಲ.

ಹಾಗೆಂದು ಹಾಲನ್ನು ಹೀನವೆಂದು ಭಾವಿಸಬಾರದು. ಹೊಸದಾಗಿ ಹುಟ್ಟಿದ ಶಿಶುಗಳಂತೆ ಶುದ್ಧವಾದ ಹಾಲಿಗಾಗಿ ಹಂಬಲಿಸಿರೆಂದು ಸಂತ ಪೇತ್ರರ ಮೊದಲ ಪತ್ರವು ಹೇಳುತ್ತದೆ (2:2). ಧ್ಯಾನಕೂಟಗಳ ಹಾಡು, ಕಣ್ಣೀರು, ಉತ್ಸಾಹಗಳನ್ನು ಕಂಡು ಮೂಗು ಮುರಿಯುವ ಪಂಡಿತರು ತಾವೂ ಒಂದು ಕಾಲಕ್ಕೆ ಹಾಲು ಕುಡಿದೇ ಬೆಳೆದವರೆಂಬುದನ್ನು ಮರೆತಂತೆ ತೋರುತ್ತದೆ. ಹಾಲಿನಲ್ಲಿ ದೋಷವಿಲ್ಲ. ಅದು ನಿಂತಾಗ ಏನಾಗುತ್ತಿದೆಯೆಂದು ನಮಗೆ ತಿಳಿದಿರಬೇಕು, ಅಷ್ಟೆ.

ಇಲ್ಲಿ ಹಳೆಯ ಒಡಂಬಡಿಕೆಯ ಒಂದು ಪದ ನಮಗೆ ದಾರಿ ತೋರುತ್ತದೆ. ಮೂರೇ ವಚನಗಳ 131ನೆಯ ಕೀರ್ತನೆಯಲ್ಲಿ ಭಕ್ತನು ತನ್ನ ಆತ್ಮವನ್ನು ತಾಯಿಯ ಬಳಿಯಿರುವ, ಮೊಲೆಹಾಲು ಬಿಡಿಸಿದ ಕೂಸಿಗೆ ಹೋಲಿಸಿಕೊಳ್ಳುತ್ತಾನೆ. ಹಾಲು ಬಿಡಿಸುವುದಕ್ಕೆ ಹಿಬ್ರೂ ಭಾಷೆಯಲ್ಲಿರುವ ಕ್ರಿಯಾಪದ 'ಗಾಮಲ್'. ಇದೇ ಕ್ರಿಯಾಪದಕ್ಕೆ ಹಣ್ಣಾಗುವುದು, ಮಾಗುವುದು ಎಂಬ ಅರ್ಥವೂ ಉಂಟು. ಆರೋನನ ಕೋಲು ಚಿಗುರಿ, ಹೂಬಿಟ್ಟು, ಬಾದಾಮಿಯನ್ನು ಮಾಗಿಸಿತೆನ್ನುವಾಗ ಬಳಕೆಯಾಗಿರುವುದು ಇದೇ ಪದ (ಸಂಖ್ಯಾಕಾಂಡ 17:8). ದ್ರಾಕ್ಷಿಯ ಕಾಯಿ ಹಣ್ಣಾಗುವುದನ್ನು ಯೆಶಾಯನು ಹೇಳುವಾಗಲೂ ಇದೇ (18:5). ಮಗುವಿನಿಂದ ಹಾಲನ್ನು ದೂರ ಮಾಡುವುದು ಮತ್ತು ಫಲವು ಪಕ್ವವಾಗುವುದು ಆ ಭಾಷೆಯ ಕಿವಿಗೆ ಒಂದೇ ಧ್ವನಿ.

ಆ ಕಾಲದ ತಾಯಂದಿರು ಬಹುಕಾಲ ಹಾಲೂಡುತ್ತಿದ್ದರು. ಏಳು ಮಂದಿ ಮಕ್ಕಳನ್ನು ಧರ್ಮಕ್ಕಾಗಿ ಕಳೆದುಕೊಂಡ ತಾಯಿ ಕೊನೆಯ ಮಗನಿಗೆ, ಮೂರು ವರ್ಷ ನಿನಗೆ ಹಾಲೂಡಿದೆನೆಂದು ನೆನಪಿಸುತ್ತಾಳೆ (2 ಮಕ್ಕಬಿಯರು 7:27). ಅಂದರೆ ಹಾಲು ಬಿಡುವ ಮಗು ನಡೆಯಬಲ್ಲದು, ಮಾತನಾಡಬಲ್ಲದು, ಏಕೆ ಕೊಡುವುದಿಲ್ಲವೆಂದು ಕೇಳಬಲ್ಲದು. ತಾನು ಕಳೆದುಕೊಂಡದ್ದು ಏನೆಂದು ಅದಕ್ಕೆ ಗೊತ್ತಿರುತ್ತದೆ. ಇಸಾಕನು ಹಾಲು ಬಿಟ್ಟ ದಿನ ಅಬ್ರಹಾಮನು ದೊಡ್ಡ ಔತಣ ಮಾಡಿಸಿದನೆಂದು ಆದಿಕಾಂಡ ಹೇಳುತ್ತದೆ (21:8). ಮನೆಯಲ್ಲಿ ಹಬ್ಬ, ಮಗುವಿಗೆ ಮಾತ್ರ ಅದು ಹಬ್ಬವೆಂದು ತಿಳಿದಿರಲಾರದು. ಕೀರ್ತನೆಕಾರನ ಕೂಸು ಈ ಘಟ್ಟವನ್ನು ದಾಟಿದ ಕೂಸು. ಹಾಲು ಬಿಡದ ಮಗು ತಾಯಿಯ ಮಡಿಲಿಗೆ ಬಂದೊಡನೆ ಹಾಲಿಗಾಗಿ ತಡಕಾಡುತ್ತದೆ. ಹಾಲು ಬಿಟ್ಟ ಮಗು ಅದೇ ಮಡಿಲಿನಲ್ಲಿ ಏನನ್ನೂ ಕೇಳದೆ ಒರಗಿ ಕುಳಿತಿರುತ್ತದೆ. ಅದಕ್ಕೆ ಈಗ ತಾಯಿ ಇದ್ದರೆ ಸಾಕು.

ಈ ಚಿತ್ರವನ್ನು ಪ್ರಾರ್ಥನಾ ಜೀವನಕ್ಕೆ ಅನ್ವಯಿಸಿ ವಿಸ್ತಾರವಾಗಿ ಬರೆದವರು ಕಾರ್ಮೆಲ್ ಸಭೆಯ ಶಿಲುಬೆಯ ಸಂತ ಯೊವಾನ್ನರು (1542-1591). ಅವರ 'ಕತ್ತಲ ರಾತ್ರಿ' ಎಂಬ ಗ್ರಂಥದ ಮೊದಲ ಅಧ್ಯಾಯದಲ್ಲಿಯೇ ಈ ತಾಯಿ ಬರುತ್ತಾಳೆ. ಹೊಸದಾಗಿ ಮನಃಪರಿವರ್ತನೆ ಹೊಂದಿದ ಆತ್ಮವನ್ನು ದೇವರು ಎದೆಗವಚಿಕೊಂಡು, ಸಿಹಿಹಾಲನ್ನು ಊಡಿ, ತೋಳಲ್ಲಿ ಎತ್ತಿಕೊಂಡು ತಿರುಗುತ್ತಾರೆ. ಮಗು ಬೆಳೆದಂತೆ ಮುದ್ದನ್ನು ಕಡಿಮೆ ಮಾಡಿ, ಎದೆಗೆ ಲೋಳೆಸರದ ಕಹಿರಸವನ್ನು ಹಚ್ಚಿ, ತೋಳಿನಿಂದ ಕೆಳಗಿಳಿಸಿ, ತನ್ನ ಕಾಲ ಮೇಲೆ ನಡೆಯಲು ಬಿಡುತ್ತಾರೆ. ನಮ್ಮ ಹಳ್ಳಿಗಳ ತಾಯಂದಿರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅವರು ಬೇವಿನ ಎಲೆ ಅರೆದು ಹಚ್ಚಿದವರು. ಕಹಿಯನ್ನು ಹಚ್ಚಿದ ಕೈ ಪ್ರೀತಿಸುವ ಕೈಯೇ ಎಂಬುದು ಅವರಿಗೆ ಗೊತ್ತು.

ಸಿಹಿಹಾಲು ಮುಂದುವರಿಯಲಿ ಎಂದರೆ ಏನು ತೊಂದರೆ? ಇದಕ್ಕೆ ಸಂತ ಯೊವಾನ್ನರು ಆರು ಅಧ್ಯಾಯಗಳಷ್ಟು ಉತ್ತರ ಬರೆದಿದ್ದಾರೆ. ಏಳು ಮೂಲಪಾಪಗಳು ಭಕ್ತಿಯ ವೇಷ ತೊಟ್ಟು ಹೇಗೆ ಬರುತ್ತವೆಂದು ಅವರು ಒಂದೊಂದಾಗಿ ತೋರಿಸುತ್ತಾರೆ. ಗರ್ವವು ತನ್ನ ಭಕ್ತಿಯನ್ನು ತಾನೇ ಮೆಚ್ಚಿಕೊಳ್ಳುತ್ತದೆ. ದೊಡ್ಡ ಪಾಪಗಳನ್ನು ಬೇರೊಬ್ಬ ಗುರುವಿನ ಬಳಿ ನಿವೇದಿಸಿ, ತನ್ನ ಗುರುವಿನ ಎದುರು ಒಳ್ಳೆಯವನಾಗಿ ಉಳಿಯಲು ನೋಡುತ್ತದೆ. ಲೋಭವು ಜಪಸರ, ಶಿಲುಬೆ, ಭಕ್ತಿಗ್ರಂಥಗಳನ್ನು ಕೂಡಿಡುತ್ತದೆ. ಹೊಟ್ಟೆಬಾಕತನವು ಪರಮಪ್ರಸಾದ ಸ್ವೀಕರಿಸಿದ ಮೇಲೂ ಒಳಗೆ ಏನಾದರೂ ಅನಿಸುವುದೋ ಎಂದು ಕಾಯುತ್ತದೆ. ಏನೂ ಅನಿಸದಿದ್ದರೆ ಏನೂ ಆಗಲಿಲ್ಲವೆಂದು ಮುನಿಯುತ್ತದೆ. ಓದುಗರು ಆ ಪುಟಗಳನ್ನು ಓದುವಾಗ ಬೇರೆಯವರ ಮುಖಗಳು ಕಣ್ಣಮುಂದೆ ಬರುವುದುಂಟು. ಎರಡನೆಯ ಸಲ ಓದುವುದು ಒಳ್ಳೆಯದು. ದೇವರ ಸಿಹಿಯನ್ನು ಪ್ರೀತಿಸುತ್ತಾ ದೇವರನ್ನೇ ಪ್ರೀತಿಸುತ್ತಿದ್ದೇನೆಂದು ತಿಳಿದುಕೊಂಡಿರುವ ಆತ್ಮಕ್ಕೆ, ಸಿಹಿ ನಿಲ್ಲುವವರೆಗೆ ಆ ಎರಡರ ನಡುವಣ ಅಂತರ ಕಾಣುವುದೇ ಇಲ್ಲ.

ಆದರೆ ಎಲ್ಲ ಶುಷ್ಕತೆಯೂ ಹಾಲು ಬಿಡಿಸುವಿಕೆಯಲ್ಲ. ಇದನ್ನು ಮರೆತರೆ ಸೋಮಾರಿತನಕ್ಕೆಲ್ಲ 'ಕತ್ತಲ ರಾತ್ರಿ' ಎಂಬ ದೊಡ್ಡ ಹೆಸರಿಟ್ಟಂತಾಗುತ್ತದೆ. ಒಂಬತ್ತನೆಯ ಅಧ್ಯಾಯದಲ್ಲಿ ಸಂತ ಯೊವಾನ್ನರು ಮೂರು ಗುರುತುಗಳನ್ನು ಕೊಡುತ್ತಾರೆ. ಮೊದಲನೆಯದು, ದೇವರ ವಿಷಯಗಳಲ್ಲಿ ರುಚಿಯಿಲ್ಲದಂತೆಯೇ ಬೇರೆ ಯಾವುದರಲ್ಲಿಯೂ ರುಚಿಯಿಲ್ಲದಿರುವುದು. ಪ್ರಾರ್ಥನೆ ಬೇಸರವಾಗಿ ಮೊಬೈಲು ಮಾತ್ರ ಇಂಪಾಗಿದ್ದರೆ ಅದು ನಿರ್ಲಕ್ಷ್ಯವೇ ಹೊರತು ಬೆಳವಣಿಗೆಯಲ್ಲ. (ಮೊಬೈಲು ನಮ್ಮ ಸೇರ್ಪಡೆ.) ಎರಡನೆಯದು, ತಾನು ದೇವರ ಸೇವೆ ಮಾಡುತ್ತಿಲ್ಲ, ಹಿಂದೆ ಹೋಗುತ್ತಿದ್ದೇನೆ ಎಂಬ ನೋವಿನ ಕಳವಳ. ಮೂರು ಗುರುತುಗಳಲ್ಲಿ ನಮಗೆ ಇದೇ ಮುಖ್ಯವೆಂದು ತೋರುತ್ತದೆ. ಉಗುರುಬೆಚ್ಚಗಿನ ಆತ್ಮಕ್ಕೆ ಈ ಕಳವಳವೇ ಇರುವುದಿಲ್ಲ. ದೇವರು ದೂರವಾದರೆಂದು ಅಳುವವನು ದೇವರನ್ನು ಬಿಟ್ಟವನಲ್ಲ. ಮೂರನೆಯದು, ಎಷ್ಟೇ ಯತ್ನಿಸಿದರೂ ಮೊದಲಿನಂತೆ ಕಲ್ಪನೆಯನ್ನು ಬಳಸಿ, ವಿಚಾರದಿಂದ ವಿಚಾರಕ್ಕೆ ಸಾಗಿ ಧ್ಯಾನಿಸಲು ಆಗದಿರುವುದು. ಮೂರೂ ಒಟ್ಟಿಗೆ ಇರಬೇಕು. ಮೊದಲನೆಯದು ಮಾತ್ರವಿದ್ದರೆ ಅದು ದೇಹದ ಅಸ್ವಸ್ಥತೆಯಿಂದಲೋ ಮನೋವ್ಯಾಧಿಯಿಂದಲೋ ಬಂದಿರಬಹುದೆಂದು ಹದಿನಾರನೆಯ ಶತಮಾನದ ಈ ಸಂತರೇ ಎಚ್ಚರಿಸಿದ್ದಾರೆ. ನಿದ್ರೆ ಕೆಟ್ಟು, ಊಟ ಸೇರದೆ, ಬದುಕೇ ಬೇಡವೆನ್ನುವವರನ್ನು ಇಂದು ನಾವು ವೈದ್ಯರ ಬಳಿಗೆ ಕಳುಹಿಸಬೇಕು, ಸಾಧ್ಯವಾದರೆ ಜೊತೆಯಲ್ಲಿ ಹೋಗಬೇಕು.

ಲೊಯೋಲಾದ ಸಂತ ಇಗ್ನೇಷಿಯಸರ 'ಆಧ್ಯಾತ್ಮಿಕ ಸಾಧನೆಗಳು' ಇದಕ್ಕೆ ಪೂರಕವಾಗಿದೆ. ಸಾಂತ್ವನವಿಲ್ಲದ ಸ್ಥಿತಿಗೆ ಅವರು ಮೂರು ಕಾರಣಗಳನ್ನು ಹೇಳುತ್ತಾರೆ (322): ನಮ್ಮ ಅಲಕ್ಷ್ಯ, ನಮ್ಮನ್ನು ಪರೀಕ್ಷಿಸುವುದು, ಸಾಂತ್ವನವು ನಮ್ಮ ಗಳಿಕೆಯಲ್ಲ, ಕೊಡುಗೆಯೆಂದು ಅರಿಯುವುದು. ಮೂರರಲ್ಲಿ ಒಂದೇ ನಮ್ಮ ತಪ್ಪಿನಿಂದ ಬರುವಂಥದು. ಅಂಥ ಸ್ಥಿತಿಯಲ್ಲಿ ಹಿಂದೆ ಮಾಡಿದ ನಿರ್ಧಾರವನ್ನು ಬದಲಿಸಲೇಬಾರದೆಂಬ ಅವರ ನಿಯಮವನ್ನು (318) ಗುರುಮಠದ ಪ್ರತಿ ಅಭ್ಯರ್ಥಿಯೂ ಬಾಯಿಪಾಠ ಮಾಡಿರಬೇಕು. ಮನೆಗೆ ಹೋಗುವುದು ಕೆಲವರಿಗೆ ಸರಿಯಾದ ನಿರ್ಧಾರವೇ ಇರಬಹುದು. ಆದರೆ ಅದನ್ನು ತೆಗೆದುಕೊಳ್ಳಬೇಕಾದದ್ದು ಬೆಳಕಿನಲ್ಲಿ.

ಈಗ ನಮ್ಮ ತಪ್ಪಿನ ಮಾತು. ಕೆಲವು ವರ್ಷಗಳ ಹಿಂದೆ ಧರ್ಮಕೇಂದ್ರವೊಂದರಲ್ಲಿ ಸೇವೆಯಲ್ಲಿದ್ದಾಗ, ಮಕ್ಕಳಿಗೆ ಧರ್ಮೋಪದೇಶ ಕಲಿಸುತ್ತಿದ್ದ ಒಬ್ಬ ತಾಯಿ ಇದೇ ಅಳಲನ್ನು ನಮ್ಮ ಮುಂದೆ ತೋಡಿಕೊಂಡರು. ಪ್ರಾರ್ಥನೆಯಲ್ಲಿ ಏನೂ ಇಲ್ಲ, ಹಬ್ಬಗಳಲ್ಲಿ ಸಂಭ್ರಮವೂ ಇಲ್ಲ, ದೇವರು ತಮ್ಮನ್ನು ಕೈಬಿಟ್ಟಿರಬೇಕು ಎಂದರು. ಸಂತ ಯೊವಾನ್ನರ ಮೂರು ಗುರುತುಗಳನ್ನು ನಾವು ಪರೀಕ್ಷೆಗಾಗಿ ಓದಿ ಬರೆದಿದ್ದೆವು. ಮೂರೂ ನಮ್ಮ ಎದುರಿಗೇ ಕುಳಿತಿದ್ದವು, ಗುರುತಿಸಲಿಲ್ಲ. ಒಳಗೆ ಯಾವುದೋ ಪಾಪ ಅಡಗಿರಬಹುದು, ಯಾರನ್ನೋ ಕ್ಷಮಿಸದೆ ಇರಬಹುದು, ಇನ್ನೊಂದು ಧ್ಯಾನಕೂಟಕ್ಕೆ ಹೋಗಿ ಬನ್ನಿ ಎಂದೆವು. ಅವರು ಹೋದರು. ಸುತ್ತಲಿನವರೆಲ್ಲ ಕಣ್ಣೀರಿಡುತ್ತಿದ್ದಾಗ ತಮಗೆ ಒಂದು ಹನಿಯೂ ಬರಲಿಲ್ಲವೆಂಬ ನಾಚಿಕೆಯನ್ನು ಹೊತ್ತು ಹಿಂದಿರುಗಿದರು. "ನನ್ನಲ್ಲೇ ಇಲ್ಲದ್ದನ್ನು ಮಕ್ಕಳಿಗೆ ಏನಂತ ಕೊಡಲಿ, ಫಾದರ್?" ಎಂದು ಕಲಿಸುವುದನ್ನೂ ನಿಲ್ಲಿಸಿದರು. ಅವರು ಮತ್ತೆ ತರಗತಿಗೆ ಬಂದದ್ದು ವಯಸ್ಸಾದ ಬೇರೊಬ್ಬ ಗುರುಗಳ ಮಾತಿನಿಂದ. ಅವರ ಪ್ರಾರ್ಥನೆಯ ಬಗ್ಗೆ ಆ ಗುರುಗಳು ಏನನ್ನೂ ವಿಚಾರಿಸಲಿಲ್ಲವಂತೆ. ಹಾಸಿಗೆ ಹಿಡಿದ ಅತ್ತೆಯನ್ನು ಯಾರು ನೋಡಿಕೊಳ್ಳುತ್ತಾರೆ, ಎಷ್ಟು ವರ್ಷವಾಯಿತು, ಬೇಸರವಾಗುವುದಿಲ್ಲವೇ ಎಂದಷ್ಟೇ ಕೇಳಿದರಂತೆ. ಆ ಅತ್ತೆಯ ಮನೆಗೆ ನಾವು ಪ್ರತಿ ತಿಂಗಳು ಪರಮಪ್ರಸಾದ ಕೊಂಡೊಯ್ಯುತ್ತಿದ್ದೆವು. ಆ ಪ್ರಶ್ನೆ ನಮಗೆ ಹೊಳೆದಿರಲಿಲ್ಲ.

ಅವಿಲಾದ ಸಂತ ತೆರೇಸಾ ಇದನ್ನೇ ಶಾಸ್ತ್ರವಾಗಿ ಹೇಳಿದ್ದಾರೆ. 1577ರಲ್ಲಿ ಬರೆದ 'ಅಂತರಂಗದ ಕೋಟೆ'ಯ ಐದನೆಯ ನಿವಾಸವನ್ನು ವರ್ಣಿಸುವಾಗ, ದೇವರನ್ನು ನಾವು ಪ್ರೀತಿಸುತ್ತೇವೆಯೋ ಇಲ್ಲವೋ ಎಂಬುದು ನಮಗೆ ಖಚಿತವಾಗಿ ತಿಳಿಯಲಾರದು, ನೆರೆಯವರನ್ನು ಪ್ರೀತಿಸುತ್ತೇವೆಯೋ ಎಂಬುದು ತಿಳಿಯುತ್ತದೆ ಎನ್ನುತ್ತಾರೆ. ಪ್ರಾರ್ಥನೆಯ ಸವಿ ಕದಲದಂತೆ ಮುಸುಕೆಳೆದು ಕುಳಿತ ಸಹೋದರಿಯರನ್ನು ಅವರು ಅಲ್ಲಿ ಮೆಲ್ಲನೆ ಗದರುತ್ತಾರೆ: ಕಾಯಿಲೆಯವರಿಗೆ ನೆರವಾಗಬೇಕಾದಾಗ ಆ ಭಕ್ತಿ ಹೋದರೆ ಹೋಗಲಿ. ಕೊರಿಂಥದ ಸಭೆಗೆ ಪೌಲರು ಹಿಡಿದ ಅಳತೆಗೋಲೇ ಇಲ್ಲಿಯೂ ಇದೆ. ಆದ್ದರಿಂದ ಶುಷ್ಕತೆಯನ್ನು ಹೇಳಿಕೊಂಡು ಬಂದವರ ಬಳಿ ನಾವೀಗ ಪ್ರಾರ್ಥನೆಗಿಂತ ಮೊದಲು ಮನೆಯವರ ವಿಷಯ ಕೇಳುತ್ತೇವೆ. ತಾಳ್ಮೆ ಹೆಚ್ಚಿದೆಯೇ, ಬೇರೆಯವರ ತಪ್ಪನ್ನು ಎಣಿಸುವುದು ಕಡಿಮೆಯಾಗಿದೆಯೇ, ಯಾರೂ ಗಮನಿಸದ ಕೆಲಸವನ್ನು ಮಾಡಲು ಮನಸ್ಸು ಬರುತ್ತಿದೆಯೇ. ಉತ್ತರವನ್ನು ಅವರಿಗಿಂತ ಅವರ ಜೊತೆ ಬದುಕುವವರು ಚೆನ್ನಾಗಿ ಬಲ್ಲರು.

ಕಲ್ಕತ್ತಾದ ಸಂತ ತೆರೇಸಾ ಅವರ ಪತ್ರಗಳು 2007ರಲ್ಲಿ ಪ್ರಕಟವಾದ ಮೇಲೆ, ಅವರ ದಶಕಗಳ ಕತ್ತಲೆಯನ್ನು ಇಂಥ ಆರಂಭದ ಶುಷ್ಕತೆಯೊಡನೆ ಹೋಲಿಸಿ ಸಮಾಧಾನ ಹೇಳುವ ರೂಢಿ ಬೆಳೆದಿದೆ. ಅದು ಬೇರೆಯೇ ಆದ, ಇನ್ನೂ ಆಳವಾದ ವಿಷಯ. ಇಲ್ಲಿ ಬೆರೆಸದಿರುವುದು ಲೇಸು.

ಹಾಗಾದರೆ ಒಣಗಿದ ಆ ಅರ್ಧ ಗಂಟೆಯಲ್ಲಿ ಏನು ಮಾಡಬೇಕು? ಹಳೆಯ ಭಾವವನ್ನು ಹಿಂಡಿ ತೆಗೆಯಲು ಹೋಗಬಾರದೆಂದು ಸಂತ ಯೊವಾನ್ನರು ಹೇಳುತ್ತಾರೆ. ದೇವರತ್ತ ಪ್ರೀತಿಯಿಂದ, ಶಾಂತವಾಗಿ ಗಮನವಿಟ್ಟು ಸುಮ್ಮನೆ ಇದ್ದರೆ ಸಾಕು. ಗೊತ್ತುಮಾಡಿದ ಹೊತ್ತಿಗಿಂತ ತುಸು ಹೆಚ್ಚೇ ಕುಳಿತಿರಿ ಎಂಬುದು ಇಗ್ನೇಷಿಯಸರ ಸಲಹೆ. ಇವೆರಡೂ ಅಸಾಧ್ಯವೆನಿಸಿದವರಿಗೆ ನಾವು ಅವಿಲಾದ ತೆರೇಸಾ ಅವರ ಆತ್ಮಕಥೆಯನ್ನು ಕೊಡುತ್ತೇವೆ. ಸುಮಾರು ಹದಿನೆಂಟು ವರ್ಷ, ಪರಮಪ್ರಸಾದ ಸ್ವೀಕರಿಸಿದ ಸಮಯವನ್ನು ಬಿಟ್ಟರೆ, ಕೈಯಲ್ಲಿ ಪುಸ್ತಕವಿಲ್ಲದೆ ಪ್ರಾರ್ಥನೆಗೆ ಕೂರುವ ಧೈರ್ಯವೇ ತಮಗಿರಲಿಲ್ಲವೆಂದು ಅವರು ಅದರಲ್ಲಿ ಒಪ್ಪಿಕೊಂಡಿದ್ದಾರೆ. ಕೆಲವು ವರ್ಷಗಳಂತೂ ಆ ಹೊತ್ತು ಮುಗಿದರೆ ಸಾಕೆಂದು ಗಡಿಯಾರದ ಗಂಟೆಗೆ ಕಿವಿಗೊಟ್ಟು ಕುಳಿತಿರುತ್ತಿದ್ದರಂತೆ. ಧರ್ಮಸಭೆಯ ಪ್ರಾರ್ಥನಾಗುರುವೆನಿಸಿದವರ ಮಾತು ಇದು. ಅದನ್ನು ಓದಿದ ಅಭ್ಯರ್ಥಿಯೊಬ್ಬರು ನಗುತ್ತಾ, "ಹಾಗಾದರೆ ಗಡಿಯಾರ ನೋಡಬಹುದೇ, ಫಾದರ್?" ಎಂದು ಕೇಳಿದರು. ನೋಡಬಹುದು, ಗಂಟೆ ಹೊಡೆಯುವವರೆಗೆ ಏಳಬೇಡಿ ಎಂದೆವು.