ಮೊದಲು ಹೆರಿಗೆ, ಆಮೇಲೆ ಕಾರ್ಡ್

2022ರ ನವೆಂಬರ್ 2ರ ರಾತ್ರಿ ತುಮಕೂರಿನ ಜಿಲ್ಲಾ ಆಸ್ಪತ್ರೆಗೆ ತುಂಬು ಗರ್ಭಿಣಿಯೊಬ್ಬರು ನೆರೆಮನೆಯವರ ಜೊತೆ ಬಂದರು. ತಮಿಳುನಾಡಿನವರು, ತುಮಕೂರಿನಲ್ಲೇ ಒಂದು ಬಡಾವಣೆಯಲ್ಲಿ ವಾಸವಾಗಿದ್ದರು. ಹೊಟ್ಟೆಯಲ್ಲಿ ಅವಳಿ ಮಕ್ಕಳು. ತಾಯಿ ಕಾರ್ಡ್ ಇಲ್ಲ, ಆಧಾರ್ ಕಾರ್ಡ್ ಇಲ್ಲ ಎಂಬ ಕಾರಣಕ್ಕೆ ಅವರನ್ನು ಸೇರಿಸಿಕೊಳ್ಳಲಿಲ್ಲ, ಬೆಂಗಳೂರಿನ ಆಸ್ಪತ್ರೆಗೆ ಹೋಗುವಂತೆ ಹೇಳಿದರು ಎಂಬುದು ಜೊತೆಯಲ್ಲಿದ್ದವರ ದೂರು. ಬೆಂಗಳೂರಿಗೆ ಹೋಗಲು ಅವರ ಬಳಿ ಹಣವಿರಲಿಲ್ಲ. ಮನೆಗೆ ಮರಳಿದರು. ಬೆಳಗಾಗುವಷ್ಟರಲ್ಲಿ ಮನೆಯಲ್ಲೇ ಹೆರಿಗೆಯಾಗಿ ತಾಯಿಯೂ ಎರಡು ಶಿಶುಗಳೂ ಸತ್ತರು. ಆ ತಾಯಿಯ ಪುಟ್ಟ ಮಗಳೊಬ್ಬಳು ಉಳಿದಳು.

ಸುದ್ದಿ ರಾಜ್ಯದಾದ್ಯಂತ ಹರಡಿತು. ಕರ್ತವ್ಯದಲ್ಲಿದ್ದ ವೈದ್ಯರೂ ಮೂವರು ದಾದಿಯರೂ ಅಮಾನತುಗೊಂಡರು. ಆಗ ಆರೋಗ್ಯ ಸಚಿವರಾಗಿದ್ದ ಡಾ. ಕೆ. ಸುಧಾಕರ್ ತುಮಕೂರಿಗೆ ಬಂದು, ತುರ್ತು ಸಂದರ್ಭದಲ್ಲಿ ಚಿಕಿತ್ಸೆಗೆ ಯಾವ ದಾಖಲೆಯೂ ಕಡ್ಡಾಯವಲ್ಲ ಎಂದು ಸ್ಪಷ್ಟಪಡಿಸಿದರು. ಇದು ಹೊಸ ನಿಯಮವಾಗಿರಲಿಲ್ಲ. ಹಿಂದಿನ ರಾತ್ರಿಯೂ ನಿಯಮ ಇದೇ ಆಗಿತ್ತು. ಆಸ್ಪತ್ರೆಯ ಬಾಗಿಲಲ್ಲಿ ನಿಂತಿದ್ದವರಿಗೆ ಅದು ಗೊತ್ತಿರಲಿಲ್ಲ, ಅಷ್ಟೆ.

ಈ ಘಟನೆ ತುಮಕೂರು ನಗರದ್ದಾದರೂ ಇದರ ಪಾಠ ಹೆಚ್ಚು ತಟ್ಟಬೇಕಾದದ್ದು ಕೊಡಿಗೇನಹಳ್ಳಿಯಂಥ ಊರುಗಳಿಗೆ. ಮಧುಗಿರಿ ತಾಲ್ಲೂಕಿನ ಈ ಹೋಬಳಿಗೆ ಆಂಧ್ರದ ಗಡಿ ಹತ್ತಿರ. ಸಂತೆಗೂ ಸಂಬಂಧಕ್ಕೂ ಇಲ್ಲಿನ ಜನ ಹಿಂದೂಪುರದ ಕಡೆ ಹೋಗುವುದು, ಆ ಕಡೆಯವರು ಈ ಕಡೆ ಬರುವುದು ತಲೆಮಾರುಗಳಿಂದ ನಡೆದುಬಂದಿದೆ. ಹೆಣ್ಣು ಕೊಟ್ಟು ತಂದುಕೊಳ್ಳುವಾಗ ರಾಜ್ಯದ ಗಡಿಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಇನ್ನು ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂಬುದು ನಮ್ಮ ಸೀಮೆಯ ಹಳೆಯ ರೂಢಿ. ಏಳನೆಯ ತಿಂಗಳೋ ಒಂಬತ್ತನೆಯ ತಿಂಗಳೋ ಸೀಮಂತ ಮುಗಿಸಿ ಮಗಳನ್ನು ಕರೆತರುತ್ತಾರೆ. ಅವಳ ಹೆಸರು ನೋಂದಣಿಯಾಗಿರುವುದು ಗಂಡನ ಊರಿನಲ್ಲಿ; ಕಾರ್ಡ್ ಕೊಟ್ಟಿರುವುದು ಅಲ್ಲಿನ ದಾದಿ. ಆಧಾರಿನಲ್ಲಿರುವ ವಿಳಾಸ ಅಲ್ಲಿಯದೋ ಇಲ್ಲಿಯದೋ, ಹೆಸರಿನ ಮುಂದೆ ತಂದೆಯ ಹೆಸರೋ ಗಂಡನ ಹೆಸರೋ!

"ಕಾರ್ಡ್ ಎಲ್ಲಮ್ಮ?"

"ಅತ್ತೆ ಮನೇಲೈತೆ ಮೇಡಂ, ಆತುರದಾಗೆ ಬಂದ್ಬುಟ್ವಿ."

ಇಂಥ ಮಾತುಕತೆ ಯಾವ ಹೋಬಳಿಯ ಆಸ್ಪತ್ರೆಯಲ್ಲಾದರೂ ಕೇಳಿಬರಬಹುದು. ಮನೆಯಲ್ಲಿ ಓದಿದ ಮಕ್ಕಳಿದ್ದರೆ ಮುಂದಿನ ಮಾತನ್ನು ಅವರು ಆಡಬೇಕು. ಆದ್ದರಿಂದ ವಿದ್ಯಾರ್ಥಿಗಳೂ ಪಾಲಕರೂ ಈ ಕಾರ್ಡ್ ಎಂದರೇನು, ಅದು ಏನಲ್ಲ ಎಂಬುದನ್ನು ಸರಿಯಾಗಿ ತಿಳಿಯುವುದು ಒಳ್ಳೆಯದು.

ತಾಯಿ ಕಾರ್ಡಿನಲ್ಲಿರುವುದು ಗರ್ಭಿಣಿಯ ತೂಕ, ರಕ್ತದ ಒತ್ತಡ, ರಕ್ತದ ಗುಂಪು, ಹಿಮೋಗ್ಲೋಬಿನ್ ಪ್ರಮಾಣ, ಕೊಟ್ಟ ಚುಚ್ಚುಮದ್ದು, ಹಿಂದಿನ ಹೆರಿಗೆಗಳ ವಿವರ. ಹೊಸ ವೈದ್ಯರು ಒಂದು ನೋಟದಲ್ಲಿ ಪರಿಸ್ಥಿತಿ ಅರಿಯಲೆಂದು ಇದನ್ನು ಮಾಡಿದ್ದಾರೆ. ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆಯಿದ್ದರೆ ಗರ್ಭಿಣಿಗೆ ರಕ್ತಹೀನತೆ ಇದೆಯೆಂದು ಅರ್ಥ; 7ಕ್ಕಿಂತ ಕೆಳಗಿದ್ದರೆ ಅದು ತೀವ್ರ ಸ್ವರೂಪದ್ದು. ಹತ್ತನೆಯ ತರಗತಿಯ ಹುಡುಗನೂ ಓದಿ ಹೇಳಬಹುದಾದ ಮಾಹಿತಿ ಇದು. ಪರೀಕ್ಷೆಗೆ ಹಾಲ್ ಟಿಕೆಟ್ ಇಲ್ಲದಿದ್ದರೆ ಒಳಗೆ ಬಿಡುವುದಿಲ್ಲ. ತಾಯಿ ಕಾರ್ಡ್ ಹಾಲ್ ಟಿಕೆಟ್ ಅಲ್ಲ. ಅದು ಇದ್ದರೆ ವೈದ್ಯರ ಕೆಲಸ ಸುಲಭ. ಇಲ್ಲದಿದ್ದರೆ ಅವರು ಆ ಪರೀಕ್ಷೆಗಳನ್ನು ಆಗಲೇ ಮಾಡಿಕೊಳ್ಳಬೇಕು.

ಹೆರಿಗೆಯಲ್ಲಿ ಕಾಲ ಎಷ್ಟು ಅಮೂಲ್ಯ ಎಂಬುದನ್ನು ದೇಹರಚನೆಯೇ ಹೇಳುತ್ತದೆ. ದಿನ ತುಂಬಿದ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಹರಿಯುತ್ತಿರುತ್ತದೆ. ಮಗು ಹುಟ್ಟಿ ಮಾಸು ಕಳಚಿಕೊಂಡಾಗ ಆ ಜಾಗದಲ್ಲಿ ರಕ್ತನಾಳಗಳು ಬಾಯಿ ತೆರೆದುಕೊಂಡಂತೆಯೇ ಇರುತ್ತವೆ. ಅವನ್ನು ಮುಚ್ಚುವ ಉಪಾಯ ಪ್ರಕೃತಿಯಲ್ಲಿ ಒಂದೇ. ಗರ್ಭಕೋಶದ ಸ್ನಾಯುಗಳು ಬಿಗಿಯಾಗಿ ಕುಗ್ಗಿ, ತಮ್ಮ ನಡುವೆ ಹಾದುಹೋಗುವ ನಾಳಗಳನ್ನು ಹಿಂಡಿ ಹಿಡಿಯಬೇಕು. ಅವಳಿ ಮಕ್ಕಳಿಂದ ಅತಿಯಾಗಿ ಹಿಗ್ಗಿದ ಗರ್ಭಕೋಶ, ಬಹಳ ಹೊತ್ತಿನ ನೋವಿನಿಂದ ದಣಿದ ಗರ್ಭಕೋಶ ಕೆಲವೊಮ್ಮೆ ಹೀಗೆ ಕುಗ್ಗುವುದಿಲ್ಲ. ಆಗ ಆರೋಗ್ಯವಂತ ಹೆಂಗಸು ಕೂಡ ಎರಡು ಗಂಟೆಯೊಳಗೆ ರಕ್ತಸ್ರಾವದಿಂದ ಸಾಯಬಹುದು. ರಕ್ತಹೀನತೆ ಇದ್ದವರಿಗೆ ಅಷ್ಟು ಸಮಯವೂ ಸಿಗುವುದಿಲ್ಲ. ಆಸ್ಪತ್ರೆಯಲ್ಲಿ ಒಂದು ಆಕ್ಸಿಟೋಸಿನ್ ಚುಚ್ಚುಮದ್ದು, ಅದೂ ಸಾಲದಿದ್ದರೆ ಇತರ ಔಷಧ, ರಕ್ತ, ಶಸ್ತ್ರಕ್ರಿಯೆ ಇವೆ. ಮನೆಯಲ್ಲಿ ಏನೂ ಇಲ್ಲ. ಮಧುಗಿರಿಯಿಂದ ತುಮಕೂರಿಗೇ ನಲವತ್ತು ಕಿಲೋಮೀಟರಿಗೂ ಹೆಚ್ಚು. ಕೊಡಿಗೇನಹಳ್ಳಿಯ ಕಡೆಯಿಂದ ಹೊರಟವರಿಗೆ ದಾರಿ ಇನ್ನೂ ಉದ್ದ. ಆ ಎರಡು ಗಂಟೆಯಲ್ಲಿ ದಾಖಲೆ ಹುಡುಕಲು ಎಷ್ಟು ನಿಮಿಷ ಕೊಡಬಹುದು?

2018-20ರ ಮಾದರಿ ನೋಂದಣಿ ಲೆಕ್ಕದಂತೆ ಕರ್ನಾಟಕದಲ್ಲಿ ಒಂದು ಲಕ್ಷ ಸಜೀವ ಜನನಕ್ಕೆ 69 ತಾಯಂದಿರು ಸಾಯುತ್ತಿದ್ದರು. ತಮಿಳುನಾಡಿನಲ್ಲಿ 54, ಆಂಧ್ರದಲ್ಲಿ 45, ಕೇರಳದಲ್ಲಿ 19. ದಕ್ಷಿಣದ ರಾಜ್ಯಗಳಲ್ಲಿ ನಮ್ಮದೇ ಹೆಚ್ಚು.

ಈಗ ಕಾನೂನಿನ ಮಾತು. ತುರ್ತು ಚಿಕಿತ್ಸೆ ಸರ್ಕಾರದ ದಯೆಯಲ್ಲ, ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿದೆ. ಅದರ ಹಿಂದಿದ್ದದ್ದು ಪಶ್ಚಿಮ ಬಂಗಾಳದ ಒಬ್ಬ ಕೃಷಿ ಕಾರ್ಮಿಕನ ಕಥೆ. 1992ರ ಜುಲೈನಲ್ಲಿ ರೈಲಿನಿಂದ ಬಿದ್ದು ತಲೆಗೆ ಪೆಟ್ಟಾದ ಆತನನ್ನು ಕಲ್ಕತ್ತೆಯ ಒಂದಾದ ಮೇಲೊಂದು ಸರ್ಕಾರಿ ಆಸ್ಪತ್ರೆ ಹಾಸಿಗೆ ಇಲ್ಲವೆಂದು ಹಿಂದಕ್ಕೆ ಕಳುಹಿಸಿತ್ತು. ಕೊನೆಗೆ ಖಾಸಗಿ ಆಸ್ಪತ್ರೆಗೆ ಹಣ ತೆತ್ತು ಬದುಕಿದ. ನ್ಯಾಯಾಲಯ ಆತನಿಗೆ 25,000 ರೂಪಾಯಿ ಪರಿಹಾರ ಕೊಡಿಸಿತು.

ಗರ್ಭಿಣಿಯರ ವಿಷಯದಲ್ಲಿ ಇನ್ನೂ ನೇರವಾದ ತೀರ್ಪು 2010ರ ಜೂನ್ 4ರಂದು ದೆಹಲಿ ಹೈಕೋರ್ಟಿನಿಂದ ಬಂತು. ಬೇರೆ ರಾಜ್ಯದಿಂದ ಬಂದ ಬಡ ಹೆಂಗಸರಿಗೆ ಪಡಿತರ ಚೀಟಿ, ಬಡತನದ ಪುರಾವೆ ಎಂದೆಲ್ಲ ಕೇಳಿ ಸೌಲಭ್ಯ ನಿರಾಕರಿಸಿದ ಪ್ರಕರಣ ಅದು. ಅವರಲ್ಲೊಬ್ಬಾಕೆ ಹೆರಿಗೆಯ ನಂತರ ತೀರಿಕೊಂಡಿದ್ದಳು. ನ್ಯಾಯಮೂರ್ತಿ ಎಸ್. ಮುರಳೀಧರ್ ಅವರು, ಗರ್ಭಿಣಿಗೆ ಯಾವ ಹಂತದಲ್ಲೂ ಚಿಕಿತ್ಸೆ ನಿರಾಕರಿಸುವಂತಿಲ್ಲ, ಒಂದು ರಾಜ್ಯದ ಬಡವಳು ಇನ್ನೊಂದು ರಾಜ್ಯಕ್ಕೆ ಹೋದೊಡನೆ ಸೌಲಭ್ಯಕ್ಕೆ ಅನರ್ಹಳಾಗುವುದಿಲ್ಲ ಎಂದು ತೀರ್ಮಾನಿಸಿದರು. ಗಡಿಯ ಹಳ್ಳಿಗಳಲ್ಲಿ ಗೋಡೆಗೆ ಅಂಟಿಸಿಡಬೇಕಾದ ತೀರ್ಪು.

2011ರ ಜೂನ್ 1ರಂದು ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಇದನ್ನೇ ಆಚರಣೆಗೆ ತಂದ ಯೋಜನೆ. ದೇಶದ ಯಾವುದೇ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಯಾಗುವ ಪ್ರತಿ ಹೆಂಗಸಿಗೂ ಎಲ್ಲ ಉಚಿತ: ಸಹಜ ಹೆರಿಗೆ, ಸಿಸೇರಿಯನ್, ಔಷಧ, ರಕ್ತ ಪರೀಕ್ಷೆ, ಅಗತ್ಯವಾದರೆ ರಕ್ತ, ಮನೆಯಿಂದ ಆಸ್ಪತ್ರೆಗೆ ಮತ್ತು ಆಸ್ಪತ್ರೆಯಿಂದ ಮನೆಗೆ ವಾಹನ. ಸಹಜ ಹೆರಿಗೆಗೆ ಮೂರು ದಿನ, ಸಿಸೇರಿಯನ್ ಆದರೆ ಏಳು ದಿನ ಊಟವನ್ನೂ ಆಸ್ಪತ್ರೆಯೇ ಕೊಡಬೇಕು. ಇಲ್ಲಿ ಬಡವ, ಬಲ್ಲಿದ ಎಂಬ ಭೇದವಿಲ್ಲ, ಎಷ್ಟನೆಯ ಮಗು ಎಂಬ ಲೆಕ್ಕವೂ ಇಲ್ಲ. ಗಂಡು ಮಗುವಾದರೆ ಇಷ್ಟು, ಹೆಣ್ಣಾದರೆ ಇಷ್ಟು ಎಂದು ವಾರ್ಡಿನಲ್ಲಿ ಕೈಯೊಡ್ಡುವ ಅಭ್ಯಾಸ ಎಲ್ಲರಿಗೂ ಗೊತ್ತಿದೆ. ಅದು ಸಂತೋಷಕ್ಕೆ ಕೊಡುವುದು ಎಂದು ಸಮಾಧಾನ ಹೇಳಿಕೊಳ್ಳುವವರೂ ಇದ್ದಾರೆ. ಕಾನೂನಿನ ಕಣ್ಣಿಗೆ ಅದು ಲಂಚ.

ಖಾಸಗಿ ನರ್ಸಿಂಗ್ ಹೋಮ್‌ಗಳೂ ಇದರಿಂದ ಪೂರ್ತಿ ಹೊರಗಿಲ್ಲ. ತುರ್ತು ಸ್ಥಿತಿಯಲ್ಲಿ ಬಂದವರಿಗೆ ಮುಂಗಡ ಕಟ್ಟಿಲ್ಲವೆಂದು ಚಿಕಿತ್ಸೆ ತಡೆಯುವಂತಿಲ್ಲ ಎಂದು ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಹೇಳುತ್ತದೆ.

ಕಾಗದದ ಕಾಟ ಹೆರಿಗೆಗಷ್ಟೇ ಸೀಮಿತವಲ್ಲ. ಗರ್ಭಪಾತದ ವಿಷಯ ಮನೆಗಳಲ್ಲಿ ಪಿಸುಮಾತಿನಲ್ಲೇ ಮುಗಿಯುತ್ತದೆ, ಹೀಗಾಗಿ ತಪ್ಪು ತಿಳಿವಳಿಕೆಯೂ ಹೆಚ್ಚು. 1971ರಿಂದಲೇ ನಮ್ಮ ದೇಶದಲ್ಲಿ ಇದಕ್ಕೆ ಕಾಯ್ದೆಯಿದೆ. 2021ರಲ್ಲಿ ಅದನ್ನು ತಿದ್ದಿದರು. ಕಾಯ್ದೆ ಹೇಳುವ ಕಾರಣಗಳಿದ್ದಲ್ಲಿ 20 ವಾರದವರೆಗೆ ಒಬ್ಬ ನೋಂದಾಯಿತ ವೈದ್ಯರ ಅಭಿಪ್ರಾಯ ಸಾಕು. 20ರಿಂದ 24 ವಾರದವರೆಗೆ ನಿಗದಿಪಡಿಸಿದ ಕೆಲವು ವರ್ಗದ ಮಹಿಳೆಯರಿಗೆ ಇಬ್ಬರು ವೈದ್ಯರ ಅಭಿಪ್ರಾಯ ಬೇಕು. ವಯಸ್ಕ ಹೆಂಗಸಿನ ಒಪ್ಪಿಗೆಯ ಹೊರತು ಗಂಡನ ಸಹಿಯಾಗಲಿ ಅತ್ತೆ ಮಾವಂದಿರ ಸಹಿಯಾಗಲಿ ಕಾಯ್ದೆ ಕೇಳುವುದಿಲ್ಲ. ಆದರೂ ಆಸ್ಪತ್ರೆಗಳು ಕೇಳುತ್ತವೆ. 2022ರ ಸೆಪ್ಟೆಂಬರ್ 29ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗುರುತಿಸಿ, ಕಾನೂನಿನಲ್ಲಿಲ್ಲದ ಷರತ್ತುಗಳನ್ನು ವೈದ್ಯರು ಹೇರಬಾರದು ಎಂದಿತು. ಅವಿವಾಹಿತರಿಗೂ ವಿವಾಹಿತರಷ್ಟೇ ಹಕ್ಕಿದೆ ಎಂದೂ ಹೇಳಿತು. ಹೆಸರು, ವಿವರಗಳನ್ನು ಗುಟ್ಟಾಗಿಡುವುದು ವೈದ್ಯರ ಕರ್ತವ್ಯ, ಮುರಿದರೆ ಶಿಕ್ಷೆಯುಂಟು.

ಹದಿನೆಂಟು ತುಂಬದ ಹುಡುಗಿಯ ವಿಷಯದಲ್ಲಿ ಪೋಷಕರ ಲಿಖಿತ ಒಪ್ಪಿಗೆ ಬೇಕು. ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ಮಾಹಿತಿಯನ್ನೂ ಕೊಡಬೇಕು. ಈ ಭಯಕ್ಕೆ ಎಷ್ಟೋ ತಂದೆತಾಯಿ ಮಗಳನ್ನು ಸರಿಯಾದ ವೈದ್ಯರ ಬಳಿ ಕರೆದೊಯ್ಯದೆ ನಾಟಿ ಔಷಧಿಯ ಮೊರೆ ಹೋಗುತ್ತಾರೆ. ಅದೇ ತೀರ್ಪಿನಲ್ಲಿ ಇದಕ್ಕೂ ಪರಿಹಾರವಿದೆ: ಹುಡುಗಿಯೂ ಪೋಷಕರೂ ಕೋರಿದರೆ ವೈದ್ಯರು ಆಕೆಯ ಹೆಸರು, ಗುರುತನ್ನು ಪೊಲೀಸರಿಗೆ ತಿಳಿಸಬೇಕಾಗಿಲ್ಲ. ಈ ಒಂದು ವಾಕ್ಯ ಎಷ್ಟು ಮನೆಗಳಿಗೆ ತಲುಪಿದೆಯೋ!

ಸಂತಾನಹರಣ ಶಸ್ತ್ರಚಿಕಿತ್ಸೆಯಲ್ಲಿ ಮಾತ್ರ ಕಾಗದ ನಿಜಕ್ಕೂ ಮುಖ್ಯ, ಆದರೆ ಅದನ್ನು ಓದಿ ಹೇಳಿರಬೇಕು. ಒಪ್ಪಿಗೆ ಪತ್ರದ ವಿವರವನ್ನು ಆಕೆಗೆ ತಿಳಿಯುವ ಭಾಷೆಯಲ್ಲಿ ಹೇಳಿ, ಯೋಚಿಸಲು ಸಮಯ ಕೊಡಬೇಕೆಂದು ಸುಪ್ರೀಂ ಕೋರ್ಟ್ 2016ರಲ್ಲಿ ನಿರ್ದೇಶಿಸಿದೆ. ತೆಲುಗು ಮನೆಮಾತಿನವರು ಬಹಳವಿರುವ ಪಾವಗಡ, ಮಧುಗಿರಿಯ ಗಡಿಭಾಗದಲ್ಲಿ ಕನ್ನಡದ ಫಾರಂ ಕೊಟ್ಟು ಹೆಬ್ಬೆಟ್ಟು ಒತ್ತಿಸಿಕೊಂಡರೆ ಅದು ಒಪ್ಪಿಗೆಯಾಗುವುದಿಲ್ಲ. 2024ರ ಫೆಬ್ರುವರಿಯಲ್ಲಿ ಪಾವಗಡದ ಸರ್ಕಾರಿ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಗೊಳಗಾದ ಮೂವರು ಮಹಿಳೆಯರು ಸತ್ತ ಮೇಲೆ ಈ ಎಚ್ಚರ ಇನ್ನಷ್ಟು ಬೇಕಾಗಿದೆ. ಈ ಪ್ರದೇಶ ಮೈಸೂರು ಸಂಸ್ಥಾನದಲ್ಲಿದ್ದಾಗ, 1930ರಷ್ಟು ಹಿಂದೆಯೇ ಸರ್ಕಾರ ಸಂತಾನ ನಿಯಂತ್ರಣದ ಕ್ಲಿನಿಕ್‌ಗಳನ್ನು ತೆರೆಯಲು ಮುಂದಾಗಿತ್ತು ಎಂಬುದನ್ನು ಇಲ್ಲಿ ನೆನೆಯಬಹುದು. ಅಷ್ಟು ಹಳೆಯ ಸೇವೆಯಲ್ಲಿ ಸ್ವಚ್ಛ ಕತ್ತರಿಗೂ ಸ್ಪಷ್ಟ ಮಾತಿಗೂ ಇಂದು ಕೊರತೆಯಿರಬಾರದು.

ಬಾಣಂತಿಯನ್ನು ಮನೆಗೆ ಬಿಡಲು ನಮ್ಮ ರಾಜ್ಯದಲ್ಲಿ 'ನಗು-ಮಗು' ವಾಹನಗಳಿವೆ. ಮನೆಗೆ ಎಂದರೆ ಮನೆಯೊಳಕ್ಕೆ. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ, ಸೂತಕದ ಹೆಸರಿನಲ್ಲಿ ಊರಾಚೆಯ ಗುಡಿಸಲಿನಲ್ಲಿಟ್ಟಿದ್ದ ಬಾಣಂತಿಯ ಹಸುಗೂಸು ಮಳೆಚಳಿಗೆ ಸಿಕ್ಕಿ ಸತ್ತಿತು. ಮುಟ್ಟಾದವರನ್ನು, ಗರ್ಭಿಣಿಯರನ್ನು ಹೀಗೆ ಊರಾಚೆ ಇಡುವುದು 2020ರ ಜನವರಿಯಿಂದ ಜಾರಿಯಲ್ಲಿರುವ ಕರ್ನಾಟಕದ ಅಮಾನವೀಯ ದುಷ್ಟ ಪದ್ಧತಿಗಳ ತಡೆ ಕಾಯ್ದೆಯಡಿ ಅಪರಾಧ. ಹಟ್ಟಿಯ ಹಿರಿಯರಿಗೆ ಇದನ್ನು ಹೊರಗಿನವರು ಹೇಳುವುದಕ್ಕಿಂತ ಹಟ್ಟಿಯಲ್ಲೇ ಓದಿದ ಹುಡುಗ ಹುಡುಗಿಯರು ಹೇಳಿದರೆ ಹೆಚ್ಚು ನಾಟೀತು.

ಇಷ್ಟೆಲ್ಲ ಇದ್ದರೂ ಒಂದು ರಾತ್ರಿ ಯಾರಾದರೂ 'ಇಲ್ಲಿ ಆಗುವುದಿಲ್ಲ, ಹೋಗಿ' ಎಂದರೆ? ಜಗಳಕ್ಕೆ ಅದು ಹೊತ್ತಲ್ಲ. ಕರ್ತವ್ಯದಲ್ಲಿರುವ ವೈದ್ಯರನ್ನೇ ಕಾಣಬೇಕೆಂದು ಕೇಳಬೇಕು. ಬೇರೆ ಆಸ್ಪತ್ರೆಗೆ ಕಳುಹಿಸುವುದಾದರೆ ಕಾರಣ, ಸಮಯ ನಮೂದಿಸಿದ ಚೀಟಿ ಕೊಡಿ, ಆಂಬುಲೆನ್ಸ್ ಕೊಡಿ ಎನ್ನಬೇಕು. 108ರ ವಾಹನ ಮನೆಯಿಂದಷ್ಟೇ ಅಲ್ಲ, ಆಸ್ಪತ್ರೆಯಿಂದ ಆಸ್ಪತ್ರೆಗೂ ಬರುತ್ತದೆ. ಬರೆದುಕೊಡಿ ಎಂದು ನಮ್ರವಾಗಿ ಕೇಳಿದರೆ ಎಷ್ಟೋ ಬಾರಿ ಬಾಗಿಲು ತೆರೆಯುತ್ತದೆ. ಬರೆದುಕೊಟ್ಟ ಮಾತಿಗೆ ನಾಳೆ ಉತ್ತರ ಹೇಳಬೇಕಾಗುತ್ತದೆಂದು ಕೊಡುವವರಿಗೂ ಗೊತ್ತು. ದೂರು, ಮೊಕದ್ದಮೆ ಆಮೇಲಿನ ಮಾತು. ಅದಕ್ಕೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಎಲ್ಲ ಮಹಿಳೆಯರಿಗೂ, ಆದಾಯ ಎಷ್ಟೇ ಇರಲಿ, ವಕೀಲರ ನೆರವು ಉಚಿತ. ತಾಲ್ಲೂಕು ನ್ಯಾಯಾಲಯದ ಕಾನೂನು ಸೇವಾ ಸಮಿತಿಯಲ್ಲಿ ಬಿಳಿ ಹಾಳೆಯ ಮೇಲೆ ಅರ್ಜಿ ಬರೆದುಕೊಟ್ಟರಾಯಿತು. 15100ಕ್ಕೆ ಫೋನ್ ಮಾಡಿಯೂ ಕೇಳಬಹುದು.

ಕಾರ್ಡೇ ಬೇಡವೆಂದು ಇದರ ಅರ್ಥವಲ್ಲ. ಆಶಾ ಕಾರ್ಯಕರ್ತೆಯ ಬಳಿ ಮೊದಲ ಮೂರು ತಿಂಗಳಲ್ಲೇ ಹೆಸರು ಬರೆಸಿ ಕಾರ್ಡ್ ಮಾಡಿಸಿಕೊಳ್ಳುವುದು, ತಿಂಗಳ ತಪಾಸಣೆಗೆ ತಪ್ಪದೆ ಹೋಗುವುದು ತಾಯಿಗೂ ಮಗುವಿಗೂ ಕ್ಷೇಮ. ತವರಿಗೆ ಕರೆತರುವ ದಿನ ಸೀರೆ ಬಳೆಗಳ ಜೊತೆಗೆ ಅದನ್ನೂ ಚೀಲಕ್ಕೆ ಹಾಕಬೇಕು. ಮನೆಯಲ್ಲಿ ಮೊಬೈಲ್ ಇರುವ ತಮ್ಮನೋ ತಂಗಿಯೋ ಅದರ ಎರಡೂ ಬದಿಯ ಚಿತ್ರ ತೆಗೆದಿಟ್ಟುಕೊಂಡು, ರಕ್ತದ ಗುಂಪು ಯಾವುದೆಂದು ಅಪ್ಪನಿಗೆ ಬಾಯಿಪಾಠ ಮಾಡಿಸಿರಲಿ.